ಎಮಿರೇಟ್ಸ್‌ನಲ್ಲಿ ಮನೆವಾರ್ತೆ: ಬಿಲ್ಲು, ಚೆಕ್ಕು ಮತ್ತು ಬ್ಯಾಂಕು ಖಾತೆ

ದಕ್ಷಿಣ ಕನ್ನಡ, ಉಡುಪಿ ಹಾಗೂ ಉತ್ತರ ಕನ್ನಡ ಜಿಲ್ಲೆಗಳ ಕರಾವಳಿಯಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್‌ನೊಡನೆ ನಂಟಿಲ್ಲದ ಊರು ಅಪರೂಪ. ಮೊದಲ ತಲೆಮಾರಿನ ಅನೇಕರು ಕಂಪೆನಿ ಕೊಟ್ಟ ಕೋಣೆಯಲ್ಲಿದ್ದು, ತಿಂಗಳಿಗೊಮ್ಮೆ ಊರಿಗೆ ಹಣ ಕಳುಹಿಸಿ ನಿಶ್ಚಿಂತರಾಗಿರುತ್ತಿದ್ದರು. ನೀರು, ವಿದ್ಯುತ್ತು, ಬಾಡಿಗೆಗಳ ಲೆಕ್ಕ ಕಂಪೆನಿಯದಾಗಿತ್ತು. ಸಂಸಾರ ಸಮೇತ ದುಬೈ, ಶಾರ್ಜಾ, ಅಬುಧಾಬಿಗಳಲ್ಲಿ ಮನೆ ಮಾಡಿರುವ ಇಂದಿನವರ ಸ್ಥಿತಿ ಹಾಗಿಲ್ಲ. ಬಾಡಿಗೆಯ ಚೆಕ್ಕು, ವಿದ್ಯುತ್ ಬಿಲ್ಲು, ತಂಪುಗೊಳಿಸುವ ಕಂಪೆನಿಯ ಬಿಲ್ಲು, ಮಕ್ಕಳ ಶಾಲೆಯ ಶುಲ್ಕ, ಕ್ರೆಡಿಟ್ ಕಾರ್ಡು, ಊರಿನ ಮನೆಯ ಖರ್ಚು ಎಲ್ಲವೂ ಒಬ್ಬರ ಸಂಬಳದ ಮೇಲೆ, ಬಹುತೇಕ ಒಬ್ಬರ ಹೆಸರಿನ ಮೇಲೆ ನಿಂತಿರುತ್ತವೆ.

ಅಲ್ಲಿನ ವ್ಯವಸ್ಥೆ ಚುರುಕಾದುದೆಂಬುದರಲ್ಲಿ ಸಂದೇಹವಿಲ್ಲ. ಮೊಬೈಲಿನಲ್ಲಿಯೇ ಬಿಲ್ಲು ಕಟ್ಟಬಹುದು, ಕಚೇರಿಗಳ ಮುಂದೆ ಸಾಲು ನಿಲ್ಲಬೇಕಾಗಿಲ್ಲ. ಆದರೆ ವಿದೇಶೀಯರ ಮಟ್ಟಿಗೆ ಈ ಸೌಕರ್ಯಗಳೆಲ್ಲ ಒಂದೇ ಗೂಟಕ್ಕೆ ಕಟ್ಟಲ್ಪಟ್ಟಿವೆ. ಆ ಗೂಟವೆಂದರೆ ವಾಸದ ವೀಸಾ. ಅದು ಇರುವವರೆಗೆ ಎಲ್ಲವೂ ಸರಾಗ. ಅದು ಕಿತ್ತುಬಂದ ದಿನ ಒಂದೊಂದಾಗಿ ಎಲ್ಲವೂ ಸಡಿಲಗೊಳ್ಳುತ್ತವೆ. ಹೊಸದಾಗಿ ಹೋಗುವವರಿಗಿಂತ ಮರಳಿ ಬರುವವರೇ ಹೆಚ್ಚು ಪೇಚಿಗೆ ಸಿಲುಕುವುದು ಈ ಕಾರಣದಿಂದ.

ಗುರುತು ಚೀಟಿಯೇ ಬೀಗದ ಕೈ

ವೀಸಾದೊಡನೆ ದೊರೆಯುವ ಎಮಿರೇಟ್ಸ್ ಗುರುತು ಚೀಟಿಯೇ ಬ್ಯಾಂಕು ಖಾತೆ, ಮೊಬೈಲ್ ಸಂಪರ್ಕ, ಬಾಡಿಗೆ ಕರಾರು, ವಿದ್ಯುತ್ ಸಂಪರ್ಕಗಳಿಗೆ ಆಧಾರ. ಖಾಸಗಿ ನೌಕರರಲ್ಲಿ ಹೆಚ್ಚಿನವರ ವೀಸಾ ಎರಡು ವರ್ಷಕ್ಕೊಮ್ಮೆ ನವೀಕರಣಗೊಳ್ಳುತ್ತದೆ. ನವೀಕರಿಸಿದ ಚೀಟಿಯ ಪ್ರತಿಯನ್ನು ಬ್ಯಾಂಕಿಗೆ ಸಲ್ಲಿಸಲು ಮರೆತವರ ಕಾರ್ಡು ಅಂಗಡಿಯ ಗಲ್ಲಾದ ಮುಂದೆ ಕೈಕೊಟ್ಟಾಗಲೇ ವಿಷಯ ಗೊತ್ತಾಗುವುದು. ಖಾತೆಯ ಅಂತಾರಾಷ್ಟ್ರೀಯ ಸಂಖ್ಯೆ, ಅಂದರೆ ಐಬಾನ್, ಎಇ ಅಕ್ಷರಗಳಿಂದ ಆರಂಭವಾಗಿ ಒಟ್ಟು 23 ಅಕ್ಷರ-ಅಂಕಿಗಳನ್ನು ಹೊಂದಿರುತ್ತದೆ. ಸಂಬಳ, ಮರುಪಾವತಿ ಎಲ್ಲಕ್ಕೂ ಇದೇ ಬೇಕು. 2009ರಲ್ಲಿ ಜಾರಿಗೆ ಬಂದ ವೇತನ ಸಂರಕ್ಷಣಾ ವ್ಯವಸ್ಥೆಯಿಂದಾಗಿ ಖಾಸಗಿ ಕಂಪೆನಿಗಳು ಸಂಬಳವನ್ನು ಬ್ಯಾಂಕು ಅಥವಾ ಅಧಿಕೃತ ವಿನಿಮಯ ಸಂಸ್ಥೆಯ ಮೂಲಕವೇ ಪಾವತಿಸಬೇಕಾಗಿದೆ. ಸಂಬಳ ಬಾರದ ತಿಂಗಳಿನ ದಾಖಲೆ ಹೀಗೆ ತಾನಾಗಿ ಉಳಿಯುವುದು ನೌಕರನಿಗೆ ಅನುಕೂಲವೇ ಸರಿ.

ಅನೇಕ ಬ್ಯಾಂಕುಗಳಲ್ಲಿ ಸುಮಾರು 3,000 ದಿರ್ಹಾಂ ಕನಿಷ್ಠ ಶಿಲ್ಕು ಇರಿಸದಿದ್ದರೆ ತಿಂಗಳಿಗೊಮ್ಮೆ ದಂಡ ಬೀಳುತ್ತದೆ. ಸಂಬಳದ ಖಾತೆಗೆ ಈ ನಿಯಮದಿಂದ ವಿನಾಯಿತಿ ಇರುವುದುಂಟು. ಆದರೆ ಕೆಲಸ ಬಿಟ್ಟ ಕೂಡಲೇ ಅದು ಸಂಬಳದ ಖಾತೆಯಾಗಿ ಉಳಿಯುವುದಿಲ್ಲ ಎಂಬುದನ್ನು ನೆನಪಿಡಬೇಕು.

ಬಾಡಿಗೆಯ ಚೆಕ್ಕುಗಳು

ಭಾರತದಲ್ಲಿ ಚೆಕ್ಕಿನ ಬಳಕೆ ಕುಗ್ಗಿದ ಮೇಲೂ ಎಮಿರೇಟ್ಸ್‌ನ ಬಾಡಿಗೆ ವ್ಯವಹಾರದಲ್ಲಿ ಅದರ ಗತ್ತು ಇಳಿದಿಲ್ಲ. ವರ್ಷದ ಬಾಡಿಗೆಯನ್ನು ಮುಂದಿನ ದಿನಾಂಕಗಳನ್ನು ನಮೂದಿಸಿದ ಚೆಕ್ಕುಗಳಾಗಿ ಮೊದಲೇ ಒಪ್ಪಿಸುವುದು ರೂಢಿ. ಒಂದೇ ಚೆಕ್ಕಿನಲ್ಲಿ ಕೊಡುವವರಿಗೆ ಮಾಲೀಕರು ಬಾಡಿಗೆ ಇಳಿಸುವುದುಂಟು. ಆರು ಅಥವಾ ಹನ್ನೆರಡು ಕಂತು ಕೇಳಿದವರಿಗೆ ಏರಿಸುವುದೂ ಉಂಟು. ಚೆಕ್ಕನ್ನು ಮಧ್ಯವರ್ತಿಯ ಹೆಸರಿಗಲ್ಲದೆ ಮಾಲೀಕರ ಹೆಸರಿಗೇ ಬರೆಯುವುದು ಮೊದಲ ಎಚ್ಚರಿಕೆ. ದುಬೈಯಲ್ಲಿ ಕರಾರನ್ನು 'ಇಜಾರಿ' ಎಂಬ ಸರ್ಕಾರಿ ದಾಖಲೆಯಲ್ಲಿ ನೋಂದಾಯಿಸಬೇಕು. ಅರಬ್ಬಿಯಲ್ಲಿ ಆ ಪದಕ್ಕೆ 'ನನ್ನ ಬಾಡಿಗೆ' ಎಂದೇ ಅರ್ಥ. ಅಬುಧಾಬಿಯಲ್ಲಿ ಇದೇ ಕೆಲಸ 'ತೌಸೀಖ್' ಹೆಸರಿನಲ್ಲಿ ನಡೆಯುತ್ತದೆ.

ಹಿಂದೆ ಶಿಲ್ಕಿಲ್ಲದೆ ಮರಳಿದ ಒಂದು ಚೆಕ್ಕು ಪೊಲೀಸು ದೂರಿಗೂ ಸೆರೆವಾಸಕ್ಕೂ ಕಾರಣವಾಗುತ್ತಿತ್ತು. 2020ರಲ್ಲಿ ತಿದ್ದುಪಡಿಯಾದ ಕಾನೂನು 2022ರ ಜನವರಿ 2ರಿಂದ ಜಾರಿಗೆ ಬಂದಿತು. ಶಿಲ್ಕಿನ ಕೊರತೆಯಿಂದ ಮಾತ್ರ ಚೆಕ್ಕು ಮರಳಿದರೆ ಅಂದಿನಿಂದ ಅದು ಕ್ರಿಮಿನಲ್ ಅಪರಾಧವಲ್ಲ. ಖಾತೆಯಲ್ಲಿ ಇದ್ದಷ್ಟು ಹಣವನ್ನು ಬ್ಯಾಂಕು ಭಾಗಶಃ ಪಾವತಿಸಬೇಕು, ಉಳಿದುದಕ್ಕೆ ಚೆಕ್ಕು ಹಿಡಿದವರು ನೇರವಾಗಿ ಜಾರಿ ನ್ಯಾಯಾಲಯದ ಮೊರೆ ಹೋಗಬಹುದು.

ಇನ್ನು ಮುಂದೆ ಚೆಕ್ಕು ಮರಳಿದರೆ ಏನೂ ಆಗದು ಎಂದು ಇದನ್ನು ಅರ್ಥೈಸುವುದು ಅಪಾಯಕಾರಿ. ಮೊಕದ್ದಮೆಯ ಹಂತವನ್ನೇ ದಾಟಿ ವಸೂಲಿಗೆ ಹೋಗುವ ಅವಕಾಶ ಮಾಲೀಕರಿಗೆ ದೊರೆತಿರುವುದರಿಂದ ಖಾತೆಯ ಜಪ್ತಿ, ಪ್ರಯಾಣ ನಿಷೇಧಗಳು ಮೊದಲಿಗಿಂತ ಬೇಗ ಬರಬಹುದು. ಮಾತ್ರವಲ್ಲ, ಚೆಕ್ಕು ನಗದಾಗುವ ಮೊದಲೇ ಖಾತೆ ಮುಚ್ಚುವುದು, ಶಿಲ್ಕನ್ನೆಲ್ಲ ತೆಗೆದುಬಿಡುವುದು, ಕಾರಣವಿಲ್ಲದೆ ಪಾವತಿ ತಡೆಯುವಂತೆ ಬ್ಯಾಂಕಿಗೆ ಹೇಳುವುದು ಇಂದಿಗೂ ಅಪರಾಧವೇ. ಕೆಲಸ ಕಳೆದುಕೊಂಡು ಅವಸರದಲ್ಲಿ ವಿಮಾನ ಹತ್ತುವವರು ಬೇರೆ ಯಾವ ದುರುದ್ದೇಶವಿಲ್ಲದೆಯೂ ಮಾಡಿಬಿಡುವ ಕೆಲಸಗಳು ಇವೇ ಆಗಿವೆ. ಮನೆ ಬಿಡುವಾಗ ಮಾಲೀಕರ ಬಳಿ ಉಳಿದ ಚೆಕ್ಕುಗಳನ್ನು ಎಣಿಸಿ ಮರಳಿ ಪಡೆಯುವುದು ಆದ್ದರಿಂದ ಅತ್ಯಗತ್ಯ.

ವಿದ್ಯುತ್ ಬಿಲ್ಲಿನೊಳಗಿನ ಬಾಡಿಗೆ

ದುಬೈಯಲ್ಲಿ ವಿದ್ಯುತ್ತು ಮತ್ತು ನೀರನ್ನು 'ದೇವಾ' ಎಂದು ಎಲ್ಲರೂ ಕರೆಯುವ ಪ್ರಾಧಿಕಾರ ಒದಗಿಸುತ್ತದೆ. ಶಾರ್ಜಾದಲ್ಲಿ ಬೇರೆ ಪ್ರಾಧಿಕಾರ, ಅಜ್ಮಾನಿನಲ್ಲಿ ಮತ್ತೊಂದು. ದುಬೈಯಲ್ಲಿ ದುಡಿದು, ಬಾಡಿಗೆ ಅಗ್ಗವೆಂದು ಶಾರ್ಜಾದಲ್ಲಿ ಮಲಗುವವರು ಎರಡು ಕಡೆಯ ನಿಯಮಗಳನ್ನು ಬೆರೆಸಿಕೊಳ್ಳಬಾರದು. ದುಬೈಯ ಸಂಪರ್ಕ ಪಡೆಯಲು ಫ್ಲ್ಯಾಟಿಗೆ 2,000 ದಿರ್ಹಾಂ, ವಿಲ್ಲಾಕ್ಕೆ 4,000 ದಿರ್ಹಾಂ ಭದ್ರತಾ ಠೇವಣಿ ಇರಿಸಬೇಕು. ಮೊದಲ 2,000 ಯೂನಿಟ್‌ಗಳಿಗೆ ಯೂನಿಟ್ಟಿಗೆ 23 ಫಿಲ್ಸ್ ದರ, ಅದರ ಮೇಲೆ ಇಂಧನ ಅಧಿಭಾರ ಮತ್ತು 2018ರಿಂದ ಜಾರಿಯಲ್ಲಿರುವ ಶೇ. 5ರ ಮೌಲ್ಯವರ್ಧಿತ ತೆರಿಗೆ.

ಹೊಸಬರನ್ನು ಗೊಂದಲಕ್ಕೆ ಈಡುಮಾಡುವುದು ಇದಲ್ಲ, ಅದೇ ಬಿಲ್ಲಿನಲ್ಲಿರುವ ಗೃಹ ಶುಲ್ಕ. ಇಜಾರಿಯಲ್ಲಿ ದಾಖಲಾದ ವಾರ್ಷಿಕ ಬಾಡಿಗೆಯ ಶೇ. 5ರಷ್ಟನ್ನು ಹನ್ನೆರಡು ಭಾಗ ಮಾಡಿ ತಿಂಗಳ ಬಿಲ್ಲಿಗೆ ಸೇರಿಸಲಾಗುತ್ತದೆ. ವರ್ಷಕ್ಕೆ 60,000 ದಿರ್ಹಾಂ ಬಾಡಿಗೆಯ ಮನೆಗೆ ಇದು 3,000, ಅಂದರೆ ತಿಂಗಳಿಗೆ 250 ದಿರ್ಹಾಂ. ಜುಲೈ-ಆಗಸ್ಟಿನ ರಜೆಯಲ್ಲಿ ಮನೆಗೆ ಬೀಗ ಹಾಕಿ ಊರಿನ ಮಳೆ ನೋಡಿ ಬಂದವರು, ದೀಪವನ್ನೇ ಹಚ್ಚದ ತಿಂಗಳಿಗೆ ಬಿಲ್ಲು ಹೇಗೆ ಬಂತೆಂದು ಕೇಳುವ ಪ್ರಶ್ನೆಗೆ ಉತ್ತರ ಇಲ್ಲಿದೆ. ಕೇಂದ್ರೀಕೃತ ತಂಪುವ್ಯವಸ್ಥೆಯುಳ್ಳ ಕಟ್ಟಡಗಳಲ್ಲಿ ಆ ಕಂಪೆನಿಯ ಬಿಲ್ಲು ಪ್ರತ್ಯೇಕ. ಅದರಲ್ಲಿಯೂ ಬಳಕೆಯ ದರವಲ್ಲದೆ ಖಾಲಿ ಮನೆಗೂ ತಪ್ಪದ ಸ್ಥಿರ ಶುಲ್ಕ ಇರುವುದುಂಟು. 'ಚಿಲ್ಲರ್ ಫ್ರೀ' ಎಂಬ ಜಾಹೀರಾತಿಗೆ ಅಲ್ಲಿ ಬೆಲೆ ಇರುವುದು ಇದಕ್ಕಾಗಿಯೇ. ಬಾಡಿಗೆ ತುಸು ಹೆಚ್ಚಾದರೂ ಅಂಥ ಮನೆ ವರ್ಷದ ಲೆಕ್ಕದಲ್ಲಿ ಅಗ್ಗವಾಗಬಹುದು.

ಸಾಲ

ಕೇಂದ್ರ ಬ್ಯಾಂಕಿನ 2011ರ ನಿಯಮಾವಳಿಯಂತೆ ವೈಯಕ್ತಿಕ ಸಾಲ ತಿಂಗಳ ಸಂಬಳದ 20 ಪಟ್ಟನ್ನು ಮೀರುವಂತಿಲ್ಲ, 48 ತಿಂಗಳಲ್ಲಿ ತೀರಬೇಕು, ಎಲ್ಲ ಕಂತುಗಳೂ ಸೇರಿ ಆದಾಯದ ಅರ್ಧವನ್ನು ದಾಟಬಾರದು. ಕ್ರೆಡಿಟ್ ಕಾರ್ಡಿನ ಕನಿಷ್ಠ ಮೊತ್ತವನ್ನಷ್ಟೇ ಕಟ್ಟುತ್ತ ಹೋಗುವವರಿಗೆ ತಿಂಗಳಿಗೆ ಶೇ. 3ರ ಆಸುಪಾಸಿನ ಬಡ್ಡಿ ಬೀಳುತ್ತದೆ. ಕಂತು ತಪ್ಪಿದ ಲೆಕ್ಕವೆಲ್ಲ ಅಲ್ ಇತ್ತಿಹಾದ್ ಕ್ರೆಡಿಟ್ ಬ್ಯೂರೋದಲ್ಲಿ ಸೇರಿಕೊಳ್ಳುತ್ತದೆ. ಸಾಲ ಉಳಿದಿರುವಾಗ ಕೆಲಸ ಬಿಟ್ಟರೆ, ಅಂತಿಮ ಸಂಬಳ ಮತ್ತು ಸೇವಾವಧಿಯ ಗ್ರಾಚ್ಯುಟಿ ಖಾತೆಗೆ ಬಿದ್ದ ಕ್ಷಣ ಬ್ಯಾಂಕು ಅದನ್ನು ತಡೆಹಿಡಿಯುವುದು ಸಾಮಾನ್ಯ. ಆ ಹಣವನ್ನೇ ನಂಬಿ ವಿಮಾನದ ಟಿಕೆಟು, ಸಾಮಾನು ಸಾಗಣೆಗಳ ಯೋಜನೆ ಹಾಕಿದ ಸಂಸಾರ ಅತಂತ್ರವಾಗುತ್ತದೆ.

ಊರಿನ ಖಾತೆ

ವಿದೇಶದಲ್ಲಿ ಉದ್ಯೋಗಕ್ಕೆ ನೆಲೆಸಿದವರು ಭಾರತದ ಸಾಮಾನ್ಯ ಉಳಿತಾಯ ಖಾತೆಯನ್ನು ಹಾಗೆಯೇ ಮುಂದುವರಿಸುವಂತಿಲ್ಲ; ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯಂತೆ ಅದನ್ನು ಎನ್‌ಆರ್‌ಒ ಖಾತೆಯಾಗಿ ಪರಿವರ್ತಿಸಬೇಕು. ಊರಿನ ಮನೆಯ ಬಾಡಿಗೆ, ತೋಟದ ಉತ್ಪತ್ತಿ ಇದಕ್ಕೆ ಜಮೆಯಾಗಬೇಕು. ದುಡಿದು ಕಳುಹಿಸುವ ಹಣಕ್ಕೆ ಎನ್‌ಆರ್‌ಇ ಖಾತೆ; ಇದರ ಬಡ್ಡಿಗೆ ಭಾರತದಲ್ಲಿ ಆದಾಯ ತೆರಿಗೆಯಿಲ್ಲ, ಹಣವನ್ನು ಮಿತಿಯಿಲ್ಲದೆ ಮರಳಿ ಒಯ್ಯಬಹುದು. ಎನ್‌ಆರ್‌ಒ ಬಡ್ಡಿಗೆ ಮೂಲದಲ್ಲಿಯೇ ಶೇ. 30ರ ಕಡಿತವುಂಟು. ಎಮಿರೇಟ್ಸ್‌ನ ತೆರಿಗೆ ನಿವಾಸ ಪ್ರಮಾಣಪತ್ರ ಸಲ್ಲಿಸಿದವರಿಗೆ ಉಭಯ ದೇಶಗಳ ಒಪ್ಪಂದದಂತೆ ಅದು ಶೇ. 12.5ಕ್ಕೆ ಇಳಿಯುತ್ತದೆ.

ಮೆಸ್ಕಾಂ ಬಿಲ್ಲು, ಮನೆ ತೆರಿಗೆ, ತಾಯಿಯ ಔಷಧಿ ಮುಂತಾದ ಖರ್ಚುಗಳಿಗಾಗಿ ತಮ್ಮನ ಖಾತೆಗೆ ಹಣ ಹಾಕುತ್ತ ಹೋಗುವುದಕ್ಕಿಂತ, ಎನ್‌ಆರ್‌ಇ ಖಾತೆಯಿಂದ ಸ್ಥಳೀಯ ಪಾವತಿ ಮಾಡಲು ಮನೆಯವರೊಬ್ಬರಿಗೆ ಅಧಿಕಾರ ಪತ್ರ ನೀಡುವುದು ಲೇಸು. ಲೆಕ್ಕ ಸ್ಪಷ್ಟವಾಗಿರುತ್ತದೆ, ಸಂಬಂಧವೂ ಕೆಡುವುದಿಲ್ಲ. 2023ರಲ್ಲಿ ಎಮಿರೇಟ್ಸ್ ಸೇರಿದಂತೆ ಹತ್ತು ದೇಶಗಳ ಮೊಬೈಲ್ ಸಂಖ್ಯೆಯ ಮೂಲಕವೂ ಈ ಖಾತೆಗಳಿಗೆ ಯುಪಿಐ ಜೋಡಿಸಲು ಅವಕಾಶ ದೊರೆಯಿತು. ಅದಕ್ಕೆ ಮುನ್ನ, ಊರಿನ ಸಿಮ್ಮಿಗೆ ರೀಚಾರ್ಜ್ ಮಾಡದೆ ಸಂಖ್ಯೆ ಕಳೆದುಕೊಂಡವರು ತಮ್ಮದೇ ಖಾತೆಯ ಬಾಗಿಲಲ್ಲಿ ನಿಲ್ಲಬೇಕಾಗುತ್ತಿತ್ತು.

ದಿರ್ಹಾಂ 1997ರಿಂದ ಡಾಲರಿಗೆ 3.6725ರಂತೆ ಕಟ್ಟಲ್ಪಟ್ಟಿರುವುದರಿಂದ ರೂಪಾಯಿಯ ದರ ಡಾಲರಿನೊಡನೆಯೇ ಏರಿಳಿಯುತ್ತದೆ. ವಿನಿಮಯ ಸಂಸ್ಥೆಗಳ ಫಲಕದ ದರವನ್ನಲ್ಲ, ಶುಲ್ಕ ಕಳೆದು ಊರಿನಲ್ಲಿ ಕೈಸೇರುವ ರೂಪಾಯಿಯನ್ನು ಹೋಲಿಸಬೇಕು. ಹವಾಲಾ ಅಥವಾ ಹುಂಡಿಯ ಮೂಲಕ ಬಂದ ಹಣಕ್ಕೆ ದಾಖಲೆಯಿಲ್ಲ, ಭಾರತದಲ್ಲಿ ಅದನ್ನು ಪಡೆಯುವುದು ಕಾನೂನುಬಾಹಿರ. ಮುಂದೆ ಆ ಹಣದಿಂದ ಜಾಗ ಕೊಂಡಾಗ ಮೂಲ ತೋರಿಸುವ ದಾರಿಯೂ ಇರುವುದಿಲ್ಲ.

ಹೊರಡುವ ಮುನ್ನ

ಗೃಹಿಣಿಯ ಹೆಸರಿನಲ್ಲಿ ಪ್ರತ್ಯೇಕ ಖಾತೆಯೊಂದು ಇರಬೇಕೆಂಬುದು ಅನುಕೂಲದ ಮಾತಷ್ಟೇ ಅಲ್ಲ. ಎಮಿರೇಟ್ಸ್‌ನಲ್ಲಿ ಖಾತೆದಾರ ಮೃತಪಟ್ಟ ಸುದ್ದಿ ಬ್ಯಾಂಕಿಗೆ ತಲುಪಿದೊಡನೆ ಖಾತೆ ಸ್ಥಗಿತಗೊಳ್ಳುತ್ತದೆ. ಜಂಟಿ ಖಾತೆಯಲ್ಲಿಯೂ ಮೃತರ ಪಾಲು ವಾರಸುದಾರರು ನಿಗದಿಯಾಗುವವರೆಗೆ ತಡೆಹಿಡಿಯಲ್ಪಡುತ್ತದೆ. ಪತಿಯ ವೀಸಾದ ಆಶ್ರಯದಲ್ಲಿರುವ ಪತ್ನಿ-ಮಕ್ಕಳು ಆ ವಾರಗಳಲ್ಲಿ ಬಾಡಿಗೆಗೂ ಬಸ್ಸಿಗೂ ಇತರರ ಮುಂದೆ ಕೈಚಾಚಬೇಕಾದ ಸಂದರ್ಭ ಬರಬಹುದು. ಮೂರು ತಿಂಗಳ ಖರ್ಚಿನಷ್ಟು ಹಣ ಆಕೆಯದೇ ಹೆಸರಿನ ಖಾತೆಯಲ್ಲಿದ್ದರೆ ಆ ಗಂಡಾಂತರ ತಪ್ಪುತ್ತದೆ.

ಊರಿಗೆ ಮರಳುವವರು ಮುಚ್ಚುವ ಕ್ರಮವನ್ನು ತಪ್ಪಿಸಬಾರದು. ದುಬೈಯಲ್ಲಿ ಕರಾರಿನ ಷರತ್ತು ಬದಲಿಸಲು ಅವಧಿ ಮುಗಿಯುವ 90 ದಿನ ಮೊದಲು ತಿಳಿಸಬೇಕೆಂಬ ನಿಯಮವಿದೆ. ಅವಧಿಯ ನಡುವೆ ಮನೆ ಬಿಟ್ಟರೆ ತೆರಬೇಕಾದ ಮೊತ್ತ ಕರಾರಿನಲ್ಲಿರುವಂತೆ. ಮೊದಲು ಸಾಲ ಮತ್ತು ಕಾರ್ಡುಗಳನ್ನು ತೀರಿಸಿ, ಬ್ಯಾಂಕಿನಿಂದ ಬಾಕಿಯಿಲ್ಲವೆಂಬ ಪತ್ರ ಪಡೆಯಬೇಕು. ಬಳಸದ ಕಾರ್ಡೂ ವಾರ್ಷಿಕ ಶುಲ್ಕದಿಂದ ಸಾಲವಾಗಿ ಬೆಳೆಯುವುದರಿಂದ ಅದನ್ನೂ ಲಿಖಿತವಾಗಿ ರದ್ದುಗೊಳಿಸಬೇಕು. ಆನಂತರ ಬಾಡಿಗೆಯ ಚೆಕ್ಕುಗಳು, ವಿದ್ಯುತ್ತಿನ ಅಂತಿಮ ಬಿಲ್ಲು, ಇಂಟರ್ನೆಟ್ಟು. ಠೇವಣಿಯ ಹಣ ಐಬಾನ್ ಮೂಲಕ ಮರಳುವುದಾದರೆ, ಅದು ಬರುವ ಮೊದಲೇ ಖಾತೆ ಮುಚ್ಚಿದವರ 2,000 ದಿರ್ಹಾಂ ಸುಲಭವಾಗಿ ಕೈಗೆ ಸಿಗುವುದಿಲ್ಲ. ಬ್ಯಾಂಕು ಖಾತೆಯನ್ನು ಆ ಹಣ ಬಂದ ನಂತರವಷ್ಟೇ ಮುಚ್ಚಬೇಕು, ಬ್ಯಾಂಕಿನ ಸಂದೇಶ ಬರುವ ಮೊಬೈಲ್ ಸಂಖ್ಯೆಯನ್ನು ಎಲ್ಲಕ್ಕಿಂತ ಕೊನೆಗೆ.