ಯಜಮಾನನ ಮತ, ಮನೆಯವರ ಮತ: ಅಜ್ಜಾವರದ ಸುತ್ತಿನಲ್ಲಿ ಕುಟುಂಬ ಮತ್ತು ಚುನಾವಣೆ

ಒಂದೇ ಮನೆಯವರು ಬೇರೆ ಬೇರೆ ಪಕ್ಷಗಳಿಗೆ ಮತ ಹಾಕುವುದು ಇಂದು ಸುಳ್ಯ, ಪುತ್ತೂರು, ಕಡಬ ತಾಲ್ಲೂಕುಗಳಲ್ಲಿ ಯಾರ ಹುಬ್ಬನ್ನೂ ಏರಿಸದ ಸಂಗತಿಯಾದರೂ ಚರಿತ್ರೆಯ ಲೆಕ್ಕದಲ್ಲಿ ಅದು ತೀರ ಈಚಿನದು. ಪಯಸ್ವಿನಿ ನದಿಯ ಆಚೆ ದಡದಲ್ಲಿ ಸುಳ್ಯ ಪೇಟೆಗೆ ಹತ್ತಿರದಲ್ಲೂ, ಮಂಡೆಕೋಲಿನ ಮಗ್ಗುಲಾಗಿ ಕೇರಳದ ಗಡಿಗೆ ಸಮೀಪದಲ್ಲೂ ಇರುವ ಅಜ್ಜಾವರದಂಥ ಗ್ರಾಮದಲ್ಲಿ ಮನೆಯೊಳಗಿನ ರಾಜಕೀಯ ಒಡಕನ್ನು ಪಕ್ಷಗಳ ಪ್ರಚಾರವೇ ತಂದಿತೆಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ಆದರೆ ಮತದಾನದ ಕಾನೂನನ್ನೂ ಭೂಮಿಯ ಕಾನೂನನ್ನೂ ಜೊತೆಗಿಟ್ಟು ನೋಡಿದರೆ, ಪಕ್ಷಗಳು ಬಂದು ಕದ ತಟ್ಟುವ ಮೊದಲೇ ಮನೆಯೆಂಬ ಘಟಕವನ್ನು ಸರಕಾರದ ಕಾಗದಗಳು ಬಿಡಿಸಿ ಹಾಕಿದ್ದವು ಎಂಬುದು ಗೋಚರವಾಗುತ್ತದೆ.

ಈ ಪ್ರದೇಶದಲ್ಲಿ ಕುಟುಂಬವೆಂದರೆ ಒಂದು ಅಡುಗೆಮನೆಯಲ್ಲ. ಅರೆಭಾಷೆ ಗೌಡರಲ್ಲಿ ‘ಹತ್ತು ಕುಟುಂಬ, ಹದಿನೆಂಟು ಗೋತ್ರ’ ಎಂಬ ಮಾತಿದ್ದು, ಒಂದೊಂದು ಕುಟುಂಬಕ್ಕೂ ತರವಾಡು ಮನೆ, ಅಂದರೆ ದೈವಗಳ ಮತ್ತು ಗತಿಸಿದ ಹಿರಿಯರ ನೆಲೆಯಿರುವ ಮೂಲಮನೆ ಇರುತ್ತದೆ. ಕವಲುಗಳು ಎಷ್ಟು ದೂರ ಹೋಗಿ ಮನೆ ಕಟ್ಟಿಕೊಂಡರೂ ವರ್ಷಕ್ಕೊಮ್ಮೆ ಅಲ್ಲಿಗೆ ಬರಬೇಕು. ಅದರ ಯಜಮಾನನೇ ಹೊರಲೋಕಕ್ಕೆ ಮನೆಯ ಮುಖ. ಸುಳ್ಯ, ಬೆಳ್ಳಾರೆ, ಪಂಜದ ಸೀಮೆ 1804ರಿಂದ 1834ರವರೆಗೆ ಕೊಡಗಿನ ಅರಸರ ಕೈಯಲ್ಲಿದ್ದು ಅನಂತರ ಕಂಪೆನಿಯ ಕೆನರಾ ಜಿಲ್ಲೆಗೆ ಮರಳಿತು. ಧಾನ್ಯದ ಬದಲು ನಗದಿನಲ್ಲಿ ತೀರ್ವೆ, ಅಂದರೆ ಭೂಕಂದಾಯ, ಕೇಳಿದ್ದು 1837ರ ಅಮರ ಸುಳ್ಯ ದಂಗೆಗೆ ಮುಖ್ಯ ಕಾರಣಗಳಲ್ಲಿ ಒಂದಾಯಿತು. ದಂಗೆ ಅಡಗಿದ ಮೇಲೂ ತೀರ್ವೆಯ ರಸೀದಿ ಪಟ್ಟೆದಾರನ, ಎಂದರೆ ಜಮೀನು ಯಾರ ಹೆಸರಿನಲ್ಲಿ ದಾಖಲಾಗಿದೆಯೋ ಅವನ ಹೆಸರಿಗೇ ಬರುತ್ತಿತ್ತು. ಮುಂದೆ ಮತದ ಹಕ್ಕು ಅಂಟಿಕೊಂಡದ್ದು ಇದೇ ರಸೀದಿಗೆ.

ದಕ್ಷಿಣ ಕೆನರಾ ಮದ್ರಾಸ್ ಪ್ರಾಂತ್ಯದ ಭಾಗವಾಗಿದ್ದ ಕಾಲದಲ್ಲಿ, 1919ರ ಸುಧಾರಣೆಗಳನ್ನನುಸರಿಸಿ ಬಂದ ಚುನಾವಣಾ ನಿಯಮಗಳು ಮತವನ್ನು ಆಸ್ತಿಗೂ ತೆರಿಗೆಗೂ ಕಟ್ಟಿಹಾಕಿದವು. ಆಸ್ತಿ ಅವಿಭಕ್ತ ಕುಟುಂಬದ್ದಾಗಿದ್ದರೆ ಇಡೀ ಕುಟುಂಬವನ್ನು ಒಂದು ಘಟಕವಾಗಿ ಎಣಿಸಿ, ಹಿಂದೂ ಕುಟುಂಬವಾದರೆ ಅದರ ಯಜಮಾನನನ್ನೇ ಮತದಾರನೆಂದು ಪರಿಗಣಿಸುವ ವ್ಯವಸ್ಥೆ ಅವುಗಳಲ್ಲಿತ್ತು. ಹತ್ತು ಮಂದಿ ಅಣ್ಣತಮ್ಮಂದಿರು ತುಂಬಿದ ಮನೆಗೆ ಒಂದೇ ಓಟು. ಇಂಥ ಮನೆ ರಾಜಕೀಯವಾಗಿ ಒಡೆಯಲು ಸಾಧ್ಯವೇ ಇರಲಿಲ್ಲ; ಭಿನ್ನಾಭಿಪ್ರಾಯವಿದ್ದರೆ ಅದು ಜಗಲಿಯ ಮಾತಿನಲ್ಲೇ ಮುಗಿಯಬೇಕಿತ್ತು. ಮದ್ರಾಸ್ ಪ್ರಾಂತ್ಯವು 1921ರಲ್ಲಿ ಗಂಡಸರಿಗೆ ಇದ್ದ ಅರ್ಹತೆಗಳ ಮೇಲೆಯೇ ಹೆಂಗಸರಿಗೂ ಮತ ಕೊಟ್ಟು ಬ್ರಿಟಿಷ್ ಪ್ರಾಂತ್ಯಗಳಲ್ಲಿ ಮೊದಲನೆಯದಾಯಿತು ಎಂಬುದು ನಿಜ. ಆದರೆ ಅರ್ಹತೆ ಆಸ್ತಿಯಾಗಿದ್ದು, ಆಸ್ತಿ ಗಂಡಸರ ಹೆಸರಿನಲ್ಲಿದ್ದ ಮನೆಗಳಲ್ಲಿ ಆ ಹಕ್ಕು ಕಾಗದದಲ್ಲೇ ಉಳಿಯಿತು.

1937ರ ಚುನಾವಣೆ ಈ ಬೇಲಿಯನ್ನು ಸ್ವಲ್ಪ ಸಡಿಲಿಸಿತು. 1935ರ ಕಾಯ್ದೆಯಡಿ ಮತದಾರರ ಸಂಖ್ಯೆ ಹಲವು ಪಟ್ಟು ಹೆಚ್ಚಿ, ಅಕ್ಷರ ಬಲ್ಲವರಿಗೂ ಅರ್ಹ ಗಂಡಸರ ಹೆಂಡಂದಿರಿಗೂ ದಾರಿಯಾಯಿತು. ಮದ್ರಾಸಿನಲ್ಲಿ ಕಾಂಗ್ರೆಸ್ಸಿನವರು ತಮ್ಮ ಮತಪೆಟ್ಟಿಗೆಯ ಬಣ್ಣ ಹೇಳಿ ‘ಹಳದಿ ಪೆಟ್ಟಿಗೆಗೆ ಓಟು’ ಎಂದು ಕೇಳಿಕೊಂಡು ತಿರುಗಿ, 215 ಸ್ಥಾನಗಳಲ್ಲಿ 159ನ್ನು ಗೆದ್ದು ಜಸ್ಟಿಸ್ ಪಕ್ಷವನ್ನು ಮೂಲೆಗೊತ್ತಿದರು. ಶಾಸನಸಭೆಯ ಮತಕ್ಕೂ ಮುಂಚೆ ಈ ಸೀಮೆಯ ರೈತರಿಗೆ ‘ಒಬ್ಬನಿಗೆ ಒಂದು ಓಟು’ ಎಂಬ ಕಲ್ಪನೆಯನ್ನು ಪರಿಚಯಿಸಿದ್ದು ಪ್ರಾಯಶಃ ಸಹಕಾರ ಸಂಘಗಳು. ಮೊಳಹಳ್ಳಿ ಶಿವರಾಯರ ಪುತ್ತೂರಿನಲ್ಲಿ 1914ರಲ್ಲಿ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು ಹುಟ್ಟಿದ ನೆಲವಿದು. ಸಂಘದ ಸದಸ್ಯ ಎಷ್ಟು ಎಕರೆಯವನಾದರೂ ಮಹಾಸಭೆಯಲ್ಲಿ ಅವನದು ಒಂದೇ ಮತ.

ನಿಜವಾದ ತಿರುವು ಬಂದದ್ದು 1952ರ ಜನವರಿಯಲ್ಲಿ. ಇಪ್ಪತ್ತೊಂದು ತುಂಬಿದ ಎಲ್ಲರಿಗೂ ಮತವೆಂದು ಸಂವಿಧಾನ ವಿಧಿಸಿದ್ದರಿಂದ ಯಜಮಾನ, ಅವನ ತಮ್ಮಂದಿರು, ಹೆಂಡತಿ, ಸೊಸೆ, ಅಂಗಳದಾಚೆಯ ಒಕ್ಕಲಿನವನು, ತೋಟದ ಆಳು ಎಲ್ಲರೂ ಒಂದೇ ಪಟ್ಟಿಯಲ್ಲಿ ಒಂದೊಂದು ಸಾಲಾಗಿ ಬಂದರು. ದೇಶದ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ ಸೇನ್ ಅವರು ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದ ಹೆಂಗಸರ ಹೆಸರುಗಳನ್ನು ಒಪ್ಪದೆ ಸುಮಾರು 28 ಲಕ್ಷ ನಮೂದುಗಳನ್ನು ಕೈಬಿಟ್ಟರು. ಅವು ಹೆಚ್ಚಾಗಿ ಉತ್ತರ ಭಾರತದವು. ಆ ನಿರ್ಣಯದ ಒಳಾರ್ಥ ಮಾತ್ರ ಎಲ್ಲ ಕಡೆಗೂ ಅನ್ವಯವಾಗುವಂಥದು: ಮತದಾರಳಾಗಲು ಮನೆಯ ಸಂಬಂಧ ಸಾಲದು, ಸ್ವಂತ ಹೆಸರು ಬೇಕು.

ಮತ ಹಾಕುವ ಕ್ರಮವನ್ನು ಹತ್ತಿರದಿಂದ ನೋಡಿದರೆ ಬದಲಾವಣೆಯ ತೂಕ ತಿಳಿಯುತ್ತದೆ. 1952ರಲ್ಲಿ ಮತಪತ್ರದ ಮೇಲೆ ಅಭ್ಯರ್ಥಿಗಳ ಹೆಸರೂ ಇರಲಿಲ್ಲ, ಗುರುತೂ ಇರಲಿಲ್ಲ. ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಕಬ್ಬಿಣದ ಪೆಟ್ಟಿಗೆ. ಅದಕ್ಕೆ ಅಂಟಿಸಿದ ಚಿತ್ರ ಕಾಂಗ್ರೆಸ್ಸಿಗಾದರೆ ಜೋಡೆತ್ತು, ಸಮಾಜವಾದಿಗಳಿಗಾದರೆ ಮರ, ಕಿಸಾನ್ ಮಜ್ದೂರ್ ಪ್ರಜಾ ಪಕ್ಷಕ್ಕಾದರೆ ಗುಡಿಸಲು. ಮತದಾರ ಎಡಗೈಯ ತೋರುಬೆರಳಿಗೆ ಶಾಯಿ ಹಾಕಿಸಿಕೊಂಡು, ಒಂದು ರೂಪಾಯಿ ನೋಟಿನಷ್ಟು ದೊಡ್ಡ ಕಾಗದವನ್ನು ಹಿಡಿದು ಮರೆಯ ಹಿಂದೆ ಹೋಗಿ, ತನಗೆ ಬೇಕಾದ ಪೆಟ್ಟಿಗೆಯ ಬಾಯಿಗೆ ಅದನ್ನು ಹಾಕಿ ಬರಬೇಕು; ಬರೆಯುವ ಕೆಲಸ ಒಂದಿಷ್ಟೂ ಇಲ್ಲ. ಓದು ಬರದ ಅತ್ತೆಗೂ ಇಂಟರ್ಮೀಡಿಯೆಟ್ ಓದಿದ ಅಳಿಯನಿಗೂ ಅಲ್ಲಿ ಒಂದೇ ನ್ಯಾಯ. ಕಾಗದವನ್ನು ಪೆಟ್ಟಿಗೆಗೆ ಹಾಕದೆ ಮಡಿಲಲ್ಲಿ ಹೊರಗೆ ತರುವ ಅವಕಾಶ ಇದ್ದದ್ದು ಈ ಪದ್ಧತಿಯ ದೊಡ್ಡ ಕುಂದು. 1962ರ ಸಾರ್ವತ್ರಿಕ ಚುನಾವಣೆಯ ಹೊತ್ತಿಗೆ ಒಂದೇ ಮತಪತ್ರಕ್ಕೆ ಮುದ್ರೆ ಒತ್ತುವ ಕ್ರಮ ಬರುವವರೆಗೂ ಅದು ಉಳಿಯಿತು. ಮನೆಯಿಂದ ಎಲ್ಲರೂ ಒಟ್ಟಾಗಿ ಬಂದು, ಯಜಮಾನ ಹೇಳಿದ ಗುರುತಿಗೇ ಹಾಕುತ್ತೇವೆಂದು ತಲೆಯಾಡಿಸಿದ್ದರೂ, ಮರೆಯ ಹಿಂದಿನ ಆ ಅರ್ಧ ನಿಮಿಷದಲ್ಲಿ ಅವನ ಮಾತು ನಡೆಯಬೇಕೆಂದಿರಲಿಲ್ಲ. ಗುಪ್ತ ಮತದಾನದ ಸ್ವಭಾವವೇ ಹಾಗಿರುವುದರಿಂದ, ಒಡಕಿನ ಮೊದಲ ಹಂತಕ್ಕೆ ಸಾಕ್ಷಿ ಹುಟ್ಟುವುದೇ ಇಲ್ಲ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೂ ಜಿಲ್ಲೆಯ ಉಳಿದ ಭಾಗ ಮೈಸೂರು ರಾಜ್ಯಕ್ಕೂ ಸೇರಿದಾಗ, ಮಂಡೆಕೋಲು, ಅಜ್ಜಾವರದ ಕಡೆಯ ಕುಟುಂಬಗಳಿಗೆ ಇನ್ನೊಂದು ಬಗೆಯ ಭಾಗವಾಯಿತು: ಕೊಟ್ಟು ತಂದ ಸಂಬಂಧದ ಮನೆಗಳು ಎರಡು ವಿಧಾನಸಭೆಗಳಿಗೆ ಮತ ಹಾಕತೊಡಗಿದವು. ಗಡಿಯಾಚೆ ಮತದ ಪ್ರಶ್ನೆ ಬಹುಕಾಲ ಭಾಷೆಯ ಪ್ರಶ್ನೆಯಾಗಿಯೇ ಇತ್ತು. 1957ರಲ್ಲಿ ಮಂಜೇಶ್ವರದಿಂದ ಎಂ. ಉಮೇಶ ರಾವ್ ಪಕ್ಷೇತರರಾಗಿ ಅವಿರೋಧವಾಗಿ ಆಯ್ಕೆಯಾದರು, ಅನಂತರ ಕಳ್ಳಿಗೆ ಮಹಾಬಲ ಭಂಡಾರಿ ಕಾಸರಗೋಡನ್ನು ಮೈಸೂರು ರಾಜ್ಯಕ್ಕೆ ಸೇರಿಸುವ ವಿಲೀನೀಕರಣದ ಪಕ್ಷ ವಹಿಸಿ ಅಲ್ಲಿಂದಲೇ ಮತ್ತೆ ಮತ್ತೆ ಗೆದ್ದರು. ಈಚೆ ಪುತ್ತೂರು ಆಗ ದ್ವಿಸದಸ್ಯ ಕ್ಷೇತ್ರ, ಅಂದರೆ ಒಂದು ಸಾಮಾನ್ಯ ಸ್ಥಾನ ಮತ್ತು ಒಂದು ಮೀಸಲು ಸ್ಥಾನಕ್ಕೆ ಒಟ್ಟಿಗೆ ಆಯ್ಕೆ ನಡೆಯುವ ಕ್ಷೇತ್ರ. ಮತದಾರನಿಗೆ ಎರಡು ಓಟು, ಎರಡನ್ನೂ ಒಬ್ಬನಿಗೇ ಹಾಕುವಂತಿಲ್ಲ. 1957ರಲ್ಲಿ ಕಾಂಗ್ರೆಸ್ಸಿನ ಕೆ. ವೆಂಕಟರಮಣ ಗೌಡ ಮತ್ತು ಸುಬ್ಬಯ್ಯ ನಾಯ್ಕ ಇಬ್ಬರೂ ಗೆದ್ದರು. ದ್ವಿಸದಸ್ಯ ಪದ್ಧತಿ 1961ರಲ್ಲಿ ರದ್ದಾದ ಮೇಲೆ ಸುಳ್ಯ ಪ್ರತ್ಯೇಕ ಮೀಸಲು ಕ್ಷೇತ್ರವಾಯಿತು. ಅಲ್ಲಿ 1967ರಲ್ಲೇ ಸ್ವತಂತ್ರ ಪಕ್ಷದ ಎ. ರಾಮಚಂದ್ರ ಗೆದ್ದದ್ದನ್ನು ಗಮನಿಸಿದರೆ, ಜೋಡೆತ್ತಿನ ಮನೆ ಎಂದು ಹೆಸರಾಗಿದ್ದ ಕಡೆಗಳಲ್ಲೂ ನಕ್ಷತ್ರದ ಗುರುತಿಗೆ ಓಟು ಬಿದ್ದಿತ್ತೆಂದು ಧಾರಾಳವಾಗಿ ಊಹಿಸಬಹುದು.

ಆದರೂ ಒಡಕು ಮನೆಯ ಒಳಗಿಂದ ಹೊರಗೆ ಬಂದು ಎಲ್ಲರಿಗೂ ಕಾಣುವಂತೆ ನಿಂತದ್ದು 1974ರ ಅನಂತರ. ದಕ್ಷಿಣ ಕನ್ನಡದ ಕೃಷಿ ಗೇಣಿಯ ಮೇಲೆ ನಿಂತಿತ್ತು: ಮೂಲಗೇಣಿ ಎಂದರೆ ಶಾಶ್ವತವಾಗಿ ನಿಗದಿಯಾದ ಗೇಣಿಗೆ ಪಡೆದ ಜಮೀನು, ಚಾಲಗೇಣಿ ಎಂದರೆ ಧನಿಯ, ಅಂದರೆ ಭೂಮಾಲಿಕನ ಇಷ್ಟದ ಮೇಲೆ ನಡೆಯುವ ಗೇಣಿ. ದೇವರಾಜ ಅರಸರ ಸರಕಾರ ತಂದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಯಾಗಿ, ಗೇಣಿಗೆ ಕೊಟ್ಟ ಜಮೀನೆಲ್ಲ ಸರಕಾರದ ವಶವಾಗಿ, ಉಳುವ ಒಕ್ಕಲು ಏಳನೇ ನಮೂನೆಯಲ್ಲಿ ಅರ್ಜಿ ಹಾಕಿದರೆ ಅವನ ಹೆಸರಿಗೆ ಆಗುವ ದಾರಿ ತೆರೆಯಿತು. ಈ ಅರ್ಜಿಗೆ ಇಲ್ಲಿಯ ಜನ ಇಂದಿಗೂ ಹೇಳುವುದು ‘ಡಿಕ್ಲರೇಷನ್’ ಎಂದು. ಡಿಕ್ಲರೇಷನ್ ಕೊಟ್ಟವರು, ಕೊಡದವರು ಎಂಬ ವಿಂಗಡಣೆ ಎರಡು ತಲೆಮಾರು ಮಾತಿನಲ್ಲಿ ಉಳಿಯಿತು. ಅರ್ಜಿ ತೀರ್ಮಾನಿಸುತ್ತಿದ್ದದ್ದು ಭೂನ್ಯಾಯ ಮಂಡಳಿ. ಅದರೆದುರು ವಕೀಲರು ನಿಲ್ಲುವಂತಿರಲಿಲ್ಲ, ಧನಿ ಮತ್ತು ಒಕ್ಕಲು ಮುಖಾಮುಖಿಯಾಗಿ ತಾವೇ ಮಾತನಾಡಬೇಕಿತ್ತು.

ಕುಟುಂಬದ ಚರಿತ್ರೆಗೆ ಇಲ್ಲಿ ಮುಖ್ಯವಾಗುವುದು ಕಾಯ್ದೆಯ 4ನೆಯ ಕಲಮು. ಇನ್ನೊಬ್ಬನ ಜಮೀನನ್ನು ನ್ಯಾಯವಾಗಿ ಸಾಗುವಳಿ ಮಾಡುವವನನ್ನು ಗೇಣಿದಾರನೆಂದು ಭಾವಿಸಬೇಕು, ಆದರೆ ಅವನು ಮಾಲಿಕನ ಕುಟುಂಬದ ಸದಸ್ಯನಾಗಲಿ ಕೂಲಿಯಾಳಾಗಲಿ ಆಗಿರಬಾರದು ಎಂದು ಅದು ಹೇಳುತ್ತದೆ. ಕುಟುಂಬವೆಂದರೆ ಗಂಡ, ಹೆಂಡತಿ, ಅಪ್ರಾಪ್ತ ಗಂಡುಮಕ್ಕಳು, ಮದುವೆಯಾಗದ ಹೆಣ್ಣುಮಕ್ಕಳು ಎಂದು ಕಾಯ್ದೆಯ ವ್ಯಾಖ್ಯೆ. ತರವಾಡಿನ ಲೆಕ್ಕದಲ್ಲಿ ಕುಟುಂಬದವನೇ ಆದ, ಪಾಲಾಗಿ ಬೇರೆ ನಿಂತ ತಮ್ಮ, ಅಥವಾ ಬಂಧುವೆಂದು ಕರೆದು ಕೂರಿಸಿ ಬೇಸಾಯಕ್ಕೆ ಜಾಗ ಕೊಟ್ಟ ಅಕ್ಕನ ಗಂಡ ಈ ವ್ಯಾಖ್ಯೆಯಂತೆ ಹೊರಗಿನವನಾಗಿ, ಡಿಕ್ಲರೇಷನ್ ಕೊಡಬಲ್ಲವನಾದ. ‘ನೀನು ನೆಂಟನೋ ಒಕ್ಕಲೋ’ ಎಂಬ ಪ್ರಶ್ನೆಯನ್ನು ಸರಕಾರವೇ ಮೇಜಿನ ಮೇಲಿಟ್ಟು ಕೇಳಿದ ಮೇಲೆ, ಕೊಟ್ಟ ಉತ್ತರಕ್ಕೆ ತಕ್ಕಂತೆ ಓಟು ಹಂಚಿಹೋದದ್ದರಲ್ಲಿ ಆಶ್ಚರ್ಯಪಡುವಂಥದೇನೂ ಇಲ್ಲ.

ತುರ್ತು ಪರಿಸ್ಥಿತಿಯ ಬೆನ್ನಿಗೆ ಬಂದ ಎರಡು ಚುನಾವಣೆಗಳು ಈ ಹಿನ್ನೆಲೆಯಲ್ಲೇ ಅರ್ಥವಾಗುತ್ತವೆ. 1977ರ ಮಾರ್ಚಿನಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ ನೆಲಕಚ್ಚಿದರೂ ಕರ್ನಾಟಕದ 28 ಲೋಕಸಭಾ ಸ್ಥಾನಗಳಲ್ಲಿ 26 ಅದಕ್ಕೇ ಬಂದವು, ಮಂಗಳೂರಿನಿಂದ ಜನಾರ್ದನ ಪೂಜಾರಿ ಗೆದ್ದರು. ವರ್ಷ ತುಂಬುವ ಮೊದಲೇ, 1978ರ ಫೆಬ್ರವರಿಯ ವಿಧಾನಸಭಾ ಚುನಾವಣೆಯಲ್ಲಿ, ಆಗಷ್ಟೇ ‘ಕೈ’ ಗುರುತು ಪಡೆದಿದ್ದ ಇಂದಿರಾ ಕಾಂಗ್ರೆಸ್ ಅರಸರ ನಾಯಕತ್ವದಲ್ಲಿ 149 ಸ್ಥಾನ ಗಳಿಸಿ ರಾಜ್ಯವನ್ನು ಗುಡಿಸಿಕೊಂಡು ಹೋದಾಗ, ಭೂಸುಧಾರಣೆಯ ಫಲ ಅತಿ ಹೆಚ್ಚು ಕಂಡ ಜಿಲ್ಲೆಗೆ ಸೇರಿದ ಪುತ್ತೂರು ಮತ್ತು ಸುಳ್ಯ ಮಾತ್ರ ಜನತಾ ಪಕ್ಷವನ್ನು ಆರಿಸಿದವು: ಪುತ್ತೂರಿನಲ್ಲಿ ಉರಿಮಜಲು ಕೆ. ರಾಮ ಭಟ್, ಸುಳ್ಯದಲ್ಲಿ ಮತ್ತೆ ಎ. ರಾಮಚಂದ್ರ. ಇದನ್ನು ಕೃತಘ್ನತೆಯೆಂದು ಬಗೆದವರುಂಟು. ಆ ತೀರ್ಪು ಅವಸರದ್ದು. ಈ ಮಲೆಸೀಮೆಯಲ್ಲಿ ದೊಡ್ಡ ಧನಿಗಳಿಗಿಂತ ಸ್ವಂತ ಬೇಸಾಯದ ಮಧ್ಯಮ ಹಿಡುವಳಿಗಳ ಬಲ ಹೆಚ್ಚು. ಒಂದೇ ಕುಟುಂಬದಲ್ಲಿ ಒಂದು ಕವಲು ಗೇಣಿಗೆ ಕೊಟ್ಟ ಗದ್ದೆ ಕಳೆದುಕೊಂಡಿದ್ದರೆ ಇನ್ನೊಂದು ಕವಲು ಬೇರೆಯವರ ಗದ್ದೆಯನ್ನು ಪಡೆದಿತ್ತು. ಕಳೆದುಕೊಂಡವರ ಕಹಿಗೆ ರಾಷ್ಟ್ರೀಯ ಸ್ವಯಂಸೇವಕ ಸಂಘದ ಶಾಖೆಗಳ ಸಂಘಟನೆಯೂ ತುರ್ತು ಪರಿಸ್ಥಿತಿಯ ನೆನಪೂ ಸೇರಿ ಜನತಾ ಮತವಾಯಿತು. ಪಡೆದವರಲ್ಲಿ ಎಲ್ಲರೂ ಅಲ್ಲವಾದರೂ ಹಲವರು ಕೈಯನ್ನೇ ಹಿಡಿದರು. 1983ರಲ್ಲಿ ಎರಡೂ ಕ್ಷೇತ್ರಗಳು ಭಾರತೀಯ ಜನತಾ ಪಕ್ಷದ ರಾಮ ಭಟ್ ಮತ್ತು ಬಾಕಿಲ ಹುಕ್ರಪ್ಪ ಅವರಿಗೆ ಹೋಗಿ, 1985ರಲ್ಲಿ ವಿನಯಕುಮಾರ್ ಸೊರಕೆ ಮತ್ತು ಕೆ. ಕುಶಲ ಅವರ ಮೂಲಕ ಕಾಂಗ್ರೆಸ್ಸಿಗೆ ಮರಳಿದವು.

ಸುಳ್ಯದ ಮೀಸಲಾತಿ ಈ ಒಡಕಿಗೆ ವಿಶಿಷ್ಟ ರೂಪ ಕೊಟ್ಟಿದೆ. ಶಾಸಕ ಸ್ಥಾನಕ್ಕೆ ಗೌಡರ ಅಥವಾ ಬ್ರಾಹ್ಮಣರ ಮನೆಯವರು ಸ್ವತಃ ನಿಲ್ಲುವಂತಿಲ್ಲವಾದ್ದರಿಂದ, ವಿಧಾನಸಭೆಯ ಮತ ಅವರಿಗೆ ಪಕ್ಷದ ಪ್ರಶ್ನೆಯಾಗಿಯೇ ಉಳಿದು, ದಾಯಾದಿ ಪೈಪೋಟಿಯೆಲ್ಲ ಕೆಳಗಿನ ಸ್ತರಕ್ಕೆ ಇಳಿಯಿತು. 1987ರ ಜನವರಿಯಲ್ಲಿ ಮಂಡಲ ಪಂಚಾಯತಿಗಳಿಗೆ ನಡೆದ ಚುನಾವಣೆಯಲ್ಲಿ ಕಾಲುಭಾಗ ಸ್ಥಾನ ಹೆಂಗಸರಿಗೆ ಮೀಸಲಾದಾಗ ಪಕ್ಷಗಳು ಅಭ್ಯರ್ಥಿಯನ್ನು ಹುಡುಕಿಕೊಂಡು ಅಡುಗೆಮನೆಯವರೆಗೂ ಬರಬೇಕಾಯಿತು. 1993ರ ಕಾಯ್ದೆಯ ಗ್ರಾಮ ಪಂಚಾಯತಿಗಳಲ್ಲಿ ಪಕ್ಷದ ಚಿಹ್ನೆಗೆ ಅವಕಾಶವಿಲ್ಲ. ಆದ್ದರಿಂದ ಪತ್ರಿಕೆಗಳು ‘ಬಿಜೆಪಿ ಬೆಂಬಲಿತ’, ‘ಕಾಂಗ್ರೆಸ್ ಬೆಂಬಲಿತ’ ಎಂಬ ವಿಶೇಷಣಗಳನ್ನು ಹುಟ್ಟುಹಾಕಿದವು. ಅಣ್ಣ ಒಂದರ ಬೆಂಬಲಿತ, ತಮ್ಮನ ಹೆಂಡತಿ ಇನ್ನೊಂದರ ಬೆಂಬಲಿತೆಯಾಗುವುದು ಈ ವ್ಯವಸ್ಥೆಯಲ್ಲಿ ಸಹಜ. ಮತದ ವಯಸ್ಸನ್ನು 1989ರಲ್ಲಿ ಹದಿನೆಂಟಕ್ಕೆ ಇಳಿಸಿದ್ದು ಕಾಲೇಜು ಮೆಟ್ಟಿಲು ಹತ್ತಿದ ಮಕ್ಕಳನ್ನೂ ಈ ಲೆಕ್ಕಕ್ಕೆ ತಂದಿತು. 1994ರಿಂದ 2018ರವರೆಗೆ ಸತತ ಆರು ಬಾರಿ ಎಸ್. ಅಂಗಾರ ಬಿಜೆಪಿಯಿಂದ ಗೆದ್ದದ್ದನ್ನು ನೋಡಿ ಸುಳ್ಯ ಏಕಮುಖವೆಂದು ಹೊರಗಿನವರು ತಿಳಿಯುವುದುಂಟು. ಸೋತ ಪಕ್ಷದ ಮತಗಳೂ ಇವೇ ಮನೆಗಳಿಂದ ಬಂದವೆಂಬುದು ಗೆಲುವಿನ ಪಟ್ಟಿಯಲ್ಲಿ ಕಾಣುವುದಿಲ್ಲ.

ಇಷ್ಟಾದರೂ ಕುಟುಂಬಗಳು ಪೂರ್ತಿ ಮುರಿದುಬೀಳದಿರಲು ತರವಾಡಿನ ಕಟ್ಟುಪಾಡು ಒಂದು ಕಾರಣ. ದೈವದ ನೇಮಕ್ಕೆ, ಹಿರಿಯರಿಗೆ ಬಡಿಸುವ ದಿನಕ್ಕೆ ಎಲ್ಲ ಕವಲಿನವರೂ ಕೈ ಜೋಡಿಸಲೇಬೇಕು. ವರಾಡ, ಅಂದರೆ ಮನೆಗಿಷ್ಟೆಂದು ಹಾಕುವ ವಂತಿಗೆ, ಪಕ್ಷ ನೋಡಿ ಹೆಚ್ಚುಕಡಿಮೆ ಆಗುವುದಿಲ್ಲ. ಪಕ್ಷಗಳಿಗೂ ಮನೆಯನ್ನು ಬಿಟ್ಟು ಗತಿಯಿಲ್ಲ. ಮತದಾರರ ಪಟ್ಟಿ ಮನೆ ನಂಬರಿನ ಕ್ರಮದಲ್ಲೇ ಇರುತ್ತದೆ, ಕಾರ್ಯಕರ್ತ ಒಂದು ಮನೆಯ ಐದು ಹೆಸರುಗಳ ಮುಂದೆ ಐದು ಬಗೆಯ ಗುರುತು ಹಾಕಿಕೊಳ್ಳುತ್ತಾನೆ. ಹಿಂದೆ ಹಲವು ಮತಗಟ್ಟೆಗಳ ಮತಪತ್ರಗಳನ್ನು ಬೆರೆಸಿ ಎಣಿಸಲು ಅವಕಾಶವಿತ್ತು. ಮತಯಂತ್ರ ಬಂದ ಮೇಲೆ ಪ್ರತಿ ಬೂತಿನ ಅಂಕಿ ಪ್ರತ್ಯೇಕವಾಗಿ ಸಿಗುವುದರಿಂದ, ಯಾವ ಮನೆಯಲ್ಲಿ ಎಷ್ಟು ಓಟು ತಪ್ಪಿತೆಂಬ ಲೆಕ್ಕಾಚಾರ ಫಲಿತಾಂಶದ ಸಂಜೆಯೇ ಶುರುವಾಗುತ್ತದೆ.

2023ರ ಮೇ ತಿಂಗಳ ಚುನಾವಣೆ ಒಡಕಿಗೆ ಇನ್ನೊಂದು ಬಗೆಯನ್ನು ಸೇರಿಸಿತು. ಸುಳ್ಯದಲ್ಲಿ ಬಿಜೆಪಿಯ ಭಾಗೀರಥಿ ಮುರುಳ್ಯ 30,000ಕ್ಕೂ ಹೆಚ್ಚು ಅಂತರದಿಂದ ಗೆದ್ದು ಕ್ಷೇತ್ರದ ಮೊದಲ ಶಾಸಕಿಯಾದರು. ಪಕ್ಕದ ಪುತ್ತೂರಿನಲ್ಲಿ ಹಿಂದುತ್ವದ ಮತವೇ ಎರಡಾಯಿತು: ಕಾಂಗ್ರೆಸ್ಸಿನ ಅಶೋಕ್ ಕುಮಾರ್ ರೈ 66,607 ಮತ ಪಡೆದು ಗೆದ್ದರೆ, ಪಕ್ಷೇತರ ಅರುಣ್ ಕುಮಾರ್ ಪುತ್ತಿಲ 62,458 ಮತಗಳಿಂದ ಎರಡನೆಯವರಾಗಿ, ಬಿಜೆಪಿಯ ಆಶಾ ತಿಮ್ಮಪ್ಪ ಗೌಡ 37,558 ಮತಗಳೊಂದಿಗೆ ಮೂರನೆಯ ಸ್ಥಾನಕ್ಕೆ ಇಳಿದರು. ಧನಿ ಮತ್ತು ಒಕ್ಕಲಿನ ಹಳೆಯ ಗೆರೆಗೆ ಇಲ್ಲಿ ಕೆಲಸವಿರಲಿಲ್ಲ. ಒಂದೇ ಶಾಖೆಗೆ ಹೋಗಿ ಬೆಳೆದವರು, ಒಂದೇ ಸಿದ್ಧಾಂತದ ಹೆಸರಿನಲ್ಲಿ, ಅಭ್ಯರ್ಥಿ ಯಾರಾಗಬೇಕಿತ್ತೆಂಬ ಪ್ರಶ್ನೆಯ ಮೇಲೆ ಬೇರೆಯಾದರು. 2024ರ ಮಾರ್ಚಿನಲ್ಲಿ ಪುತ್ತಿಲರ ಬೆಂಬಲಿಗರ ಸಂಘಟನೆಯಾದ ಪುತ್ತಿಲ ಪರಿವಾರ ಬಿಜೆಪಿಯಲ್ಲಿ ವಿಲೀನವಾಯಿತು, ಏಪ್ರಿಲ್ 26ರ ಲೋಕಸಭಾ ಮತದಾನದಲ್ಲಿ ಎರಡೂ ಬಣಗಳವರು ಬಿಜೆಪಿ ಅಭ್ಯರ್ಥಿ ಬ್ರಿಜೇಶ್ ಚೌಟರ ಪರವಾಗಿ ಒಂದೇ ಬೂತ್ ಮೇಜಿನ ಹಿಂದೆ ಕುಳಿತರು.