ಬಾಕುವಿನಿಂದ ಕಾರವಾರಕ್ಕೆ

ಉತ್ತರ ಕನ್ನಡ ಜಿಲ್ಲೆಯು 1862ರಲ್ಲಿ ಮದ್ರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿದ ಮೇಲೆ, ಬಹುಕಾಲ ಕಾರವಾರಕ್ಕೂ ಮುಂಬಯಿಗೂ ಕಡಲೇ ಹೆದ್ದಾರಿಯಾಗಿದ್ದಿತು. ನೆರೂಳ, ಡೊಂಬಿವಲಿಗಳಲ್ಲಿ ನೆಲಸಿರುವ ನಮ್ಮವರಲ್ಲಿ ಕೆಲವರ ಹಿರಿಯರು ಆಗಬೋಟಿ ಏರಿ ಬಂದವರೇ. ಆ ಬೋಟಿಗಳು ಈಗಿಲ್ಲ. ಇಂದು ಕಾರವಾರವನ್ನು ತವರು ಬಂದರೆಂದು ಹೇಳಿಕೊಳ್ಳುವ ‘ವಿಕ್ರಮಾದಿತ್ಯ’ ವಿಮಾನವಾಹಕ ನೌಕೆ ಹುಟ್ಟಿದುದಾದರೋ, ಅಳಿದುಹೋದ ರಾಷ್ಟ್ರವೊಂದರಲ್ಲಿ.

ಸೋವಿಯತ್ ಒಕ್ಕೂಟಕ್ಕೆ ಸೇರಿದ್ದ ಉಕ್ರೇನಿನಲ್ಲಿ, ದಕ್ಷಿಣ ಬೂಗ್ ನದಿಯ ದಂಡೆಯ ನಿಕೊಲಾಯೆವ್ ಪಟ್ಟಣದಲ್ಲಿ, 1978ರಲ್ಲಿ ಇದರ ನಿರ್ಮಾಣ ಮೊದಲಾಯಿತು. 1987ರಲ್ಲಿ ‘ಬಾಕು’ ಎಂಬ ಹೆಸರಿನಿಂದ ಸೇವೆಗೆ ಬಂದಿತು. ಒಕ್ಕೂಟದ ಕಡೆಗಾಲದಲ್ಲಿ ‘ಅಡ್ಮಿರಲ್ ಗೋರ್ಷ್ಕೋವ್’ ಎನಿಸಿತು. ವೆಚ್ಚವನ್ನು ತಾಳಲಾರದೆ ರಷ್ಯವು 1996ರಲ್ಲಿ ಇದನ್ನು ಸೇವೆಯಿಂದ ತೆಗೆಯಿತು. ಇದರ ಮೂವರು ಅಕ್ಕಂದಿರ ಗತಿಯನ್ನು ನೋಡಬೇಕು: ‘ಕೀವ್’, ‘ಮಿನ್ಸ್ಕ್’ ಚೀನದಲ್ಲಿ ಪ್ರೇಕ್ಷಣೀಯ ವಸ್ತುಗಳಾದವು, ‘ನೊವೊರೊಸೀಸ್ಕ್’ ಗುಜರಿಗೆ ಹೋಯಿತು. ಹೆತ್ತ ಹಡಗುಕಟ್ಟೆಯೇ 2021ರಲ್ಲಿ ದಿವಾಳಿಯೆದ್ದಿತು. ಕಿರಿಯವಳೊಬ್ಬಳೇ ಇನ್ನೂ ದುಡಿಯುತ್ತಿರುವಳು.

2004ರ ಒಪ್ಪಂದದಂತೆ ಹಡಗಿನ ಒಡಲಿಗೆ ಬೆಲೆಯಿಲ್ಲ. ದುರಸ್ತಿಗೆ ಮಾತ್ರ 97.4 ಕೋಟಿ ಡಾಲರು. ಹಲ್ಲು ಎಣಿಸಲೇಬೇಕಾಗಿದ್ದ ದಾನವಿದು! 2010ರಲ್ಲಿ ಆ ಮೊತ್ತ ಸುಮಾರು 235 ಕೋಟಿ ಡಾಲರಿಗೆ ಏರಿತು. ಮುಂಭಾಗದ ಕ್ಷಿಪಣಿಗಳನ್ನು ಕಿತ್ತು ವಿಮಾನ ಚಿಮ್ಮುವ ಇಳಿಜಾರನ್ನು ಕಟ್ಟುವುದೆಂದರೆ ಹಡಗನ್ನೇ ಮರಳಿ ಕಟ್ಟಿದಂತೆ ಎಂಬುದು ತಡವಾಗಿ ತಿಳಿಯಿತು. 2012ರ ಪರೀಕ್ಷಾಯಾನದಲ್ಲಿ ಎಂಟು ಬಾಯ್ಲರುಗಳ ಪೈಕಿ ಏಳು ಕೆಟ್ಟವು. ಕೊನೆಗೆ 2013ರ ನವೆಂಬರ 16ರಂದು ಭಾರತದ ಧ್ವಜವೇರಿ, 2014ರ ಜನವರಿಯಲ್ಲಿ 284 ಮೀಟರು ಉದ್ದದ ಈ ನೌಕೆ ಕಾರವಾರವನ್ನು ಮುಟ್ಟಿತು.

ವಿಕ್ರಮಾದಿತ್ಯನೆಂದೊಡನೆ ಕನ್ನಡಿಗನಿಗೆ ಕಲ್ಯಾಣದ ಚಾಲುಕ್ಯ ಚಕ್ರವರ್ತಿಯೇ ನೆನಪಾಗುವುದು ಸಹಜ. ಆದರೆ ಇಲ್ಲಿ ನಮ್ಮ ನಿಜವಾದ ಪಾಲು ಹಡಗಿನ ಹೆಸರಿನಲ್ಲಲ್ಲ, ನೆಲೆಯ ಹೆಸರಿನಲ್ಲಿದೆ. 2005ರಲ್ಲಿ ಆರಂಭವಾದ ನೌಕಾನೆಲೆಗೆ ‘ಕದಂಬ’ವೆಂದು ಹೆಸರಿಟ್ಟರು. ಬನವಾಸಿಯ ಕುಲದ ಕೀರ್ತಿಗೂ, ಗೋವೆಯ ಕದಂಬರ ನೌಕಾಬಲಕ್ಕೂ ಅದು ಒಪ್ಪುವಂಥದೇ.

ಆದರೆ ಈ ನೆಲೆಗೆ 1986ರಲ್ಲಿ ಶಿಲಾನ್ಯಾಸವಾದ ತರುವಾಯ ಕಾರವಾರ, ಅಂಕೋಲೆ ತಾಲ್ಲೂಕುಗಳ ಕಡಲಂಚಿನ ಊರುಗಳು ಒಕ್ಕಲೆದ್ದವು. ಬಲೆ ಬೀಸುತ್ತಿದ್ದ ದಂಡೆಗೆ ಬೇಲಿ ಬಿದ್ದಿತು. ಹಡಗಿನ ಒಂದೊಂದು ಬಾಯ್ಲರಿನ ಕಥೆಯೂ ಪತ್ರಿಕೆಗಳಲ್ಲಿ ಅಚ್ಚಾಗಿದೆ. ಒಕ್ಕಲೆದ್ದವರ ಪರಿಹಾರದ ವ್ಯಾಜ್ಯಗಳು ಮಾತ್ರ ದಶಕಗಳವರೆಗೆ ನ್ಯಾಯಾಲಯದ ಕಡತಗಳಲ್ಲಿಯೇ ಉಳಿದವು. ಸೀಬರ್ಡ್ ಯೋಜನೆಯ ಇತಿಹಾಸವನ್ನು ಬರೆಯುವವರು ನಿಕೊಲಾಯೆವಿನಿಂದಲ್ಲ, ಆ ಕಡತಗಳಿಂದ ತೊಡಗಬೇಕು.