ಗಿಣ್ಣು, ಒಳಲೆ, ಡಬ್ಬಿ: ಗಡಿಭಾಗದಲ್ಲಿ ಶಿಶುವಿನ ಹಾಲಿನ ಚರಿತ್ರೆ

ಸಾಂಗ್ಲಿ ಜಿಲ್ಲೆ ಜತ್ತ ತಾಲ್ಲೂಕಿನ ಬಾಲಗಾಂವದಲ್ಲಿ ಮನೆಯ ಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಜತ್ತ ಸಂಸ್ಥಾನವು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ನೆರೆಯ ವಿಜಾಪುರ ಮೈಸೂರು ರಾಜ್ಯಕ್ಕೆ ಸೇರಿದಾಗ ಜತ್ತ ಮುಂಬಯಿ ರಾಜ್ಯದಲ್ಲಿಯೇ ಉಳಿಯಿತು. ತಾಲ್ಲೂಕಿನ ಕನ್ನಡ ಹಳ್ಳಿಗಳು ಮೈಸೂರಿಗೆ ಸೇರಬೇಕೆಂಬ ಮಹಾಜನ ಆಯೋಗದ 1967ರ ಶಿಫಾರಸು ಕಾಗದದ ಮೇಲೆಯೇ ನಿಂತಿತು. ಗಡಿ, ನೀರು, ಶಾಲೆ ಇವುಗಳ ಸಂಬಂಧವಾಗಿ ಈ ಚರಿತ್ರೆ ಮತ್ತೆ ಮತ್ತೆ ಬರವಣಿಗೆಗೆ ವಸ್ತುವಾಗಿದೆ. ಬಾಣಂತಿಯ ಕೋಣೆಯೊಳಕ್ಕೆ ಅದು ಹೇಗೆ ಹೊಕ್ಕಿತೆಂಬ ವಿಚಾರ ಅಷ್ಟಾಗಿ ಚರ್ಚೆಗೆ ಬಂದಿಲ್ಲ.

ಕೂಸಿಗೆ ಎದೆಹಾಲೋ ಡಬ್ಬಿಯ ಹಾಲೋ ಎಂಬುದು ತಾಯಿಯ ಸ್ವಂತ ಆಯ್ಕೆಯೆಂದು ಇಂದು ಬಹುಮಟ್ಟಿಗೆ ಹೇಳಲಾಗುತ್ತದೆ. ಬಾಲಗಾಂವದಂಥ ಊರಿನಿಂದ ನೋಡಿದರೆ ಈ ಮಾತು ಅರ್ಧ ಸತ್ಯ. ಪ್ರಶ್ನೆ ತಾಯಿಯ ತನಕ ಬರುವ ಮೊದಲೇ ರೂಢಿ, ಕೂಲಿ, ನೀರು, ಭಾಷೆ ಇವು ಅದಕ್ಕೆ ಉತ್ತರ ಕೊಟ್ಟುಬಿಟ್ಟಿರುತ್ತವೆ.

ಮೊದಲ ಉತ್ತರ ಸಿಗುವುದು ಮೊದಲ ಮೂರು ದಿನಗಳಲ್ಲಿ. ಆಕಳೋ ಎಮ್ಮೆಯೋ ಈದ ಕೂಡಲೆ ಬರುವ ದಪ್ಪ ಹಾಲು ಕನ್ನಡದಲ್ಲಿ ಗಿಣ್ಣು, ಮರಾಠಿಯಲ್ಲಿ ಚೀಕ. ಬೆಲ್ಲ, ಏಲಕ್ಕಿ ಕೂಡಿಸಿ ಬೇಯಿಸಿದರೆ ಒಂದು ಮನೆಯಲ್ಲಿ ಅದು ಗಿಣ್ಣ, ಇನ್ನೊಂದರಲ್ಲಿ ಖರವಸ. ನೆರೆಹೊರೆಗೆ ಹಂಚದೆ ಅದನ್ನು ತಿನ್ನುವುದು ಸಣ್ಣತನವೆನಿಸುತ್ತದೆ. ದನದ ಗಿಣ್ಣನ್ನು ಇಷ್ಟು ಬೆಲೆಯಿಂದ ಕಂಡ ಸಮಾಜವೇ ಹೆಣ್ಣಿನ ಗಿಣ್ಣುಹಾಲನ್ನು ಕೆಟ್ಟ ಹಾಲೆಂದು ಹಿಂಡಿ ಚೆಲ್ಲಿಸಿತು. ಭಾರತದ ಬಹುಭಾಗದಲ್ಲಿದ್ದ ಈ ರೂಢಿ ದಖ್ಖನಿನಲ್ಲಿಯೂ ಇತ್ತು. ಆ ದಿನಗಳಲ್ಲಿ ಕೂಸಿನ ನಾಲಿಗೆಗೆ ಬಿದ್ದದ್ದು ಜೇನು, ಬೆಲ್ಲದ ನೀರು, ಕೆಲವು ಮನೆಗಳಲ್ಲಿ ಹರಳೆಣ್ಣೆ. ರೋಗನಿರೋಧಕ ಅಂಶಗಳು ಅತ್ಯಂತ ದಟ್ಟವಾಗಿರುವ ಹಾಲು ಹೀಗೆ ನೆಲದ ಪಾಲಾಯಿತು.

ಇದನ್ನು ಹಳ್ಳಿಯ ಹೆಂಗಸರ ಅಜ್ಞಾನವೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಹೆತ್ತ ಮೂರು ನಾಲ್ಕು ರಾತ್ರಿಗಳ ಮೇಲೆ ಹೃದಯದ ಧಮನಿಗಳು ತೆರೆದು ಸ್ತನ್ಯ ಪ್ರವರ್ತಿಸುತ್ತದೆ, ಅಲ್ಲಿಯವರೆಗೆ ಶಿಶುವಿಗೆ ಜೇನು ತುಪ್ಪಗಳನ್ನು ನೆಕ್ಕಿಸಬೇಕು ಎಂದು ಸುಶ್ರುತಸಂಹಿತೆಯ ಶಾರೀರಸ್ಥಾನ ಹೇಳುತ್ತದೆ. ಚರಕಸಂಹಿತೆಯ ದಾರಿ ಬೇರೆ. ಜಾತಕರ್ಮದಲ್ಲಿ ಜೇನು ತುಪ್ಪ ಕೊಟ್ಟ ಬೆನ್ನಿಗೇ ಬಲ ಮೊಲೆಯನ್ನು ಊಡಿಸುವ ವಿಧಿ ಅಲ್ಲಿದೆ. ಎರಡು ಶಾಸ್ತ್ರಗಳಲ್ಲಿ ಎರಡು ಮಾತು. ರೂಢಿ ಮೊದಲನೆಯದಕ್ಕೆ ಹತ್ತಿರವಾಗಿ ನಡೆಯಿತು. ಶಾಸ್ತ್ರದಿಂದ ರೂಢಿ ಹುಟ್ಟಿತೆನ್ನುವುದಕ್ಕಿಂತ, ಆಗಲೇ ಇದ್ದ ರೂಢಿಯನ್ನು ಶಾಸ್ತ್ರ ಬರೆದಿಟ್ಟಿತು ಎನ್ನುವುದೇ ಹೆಚ್ಚು ಸಂಭವನೀಯ.

ಪರ್ಯಾಯ ಹಾಲೂ ಡಬ್ಬಿಯೊಡನೆ ಹುಟ್ಟಿದ್ದಲ್ಲ. ವೈದ್ಯಗ್ರಂಥಗಳು ಧಾತ್ರಿಯ ವಯಸ್ಸು, ಆರೋಗ್ಯ, ಸ್ವಭಾವ, ಅವಳ ಹಾಲಿನ ಪರೀಕ್ಷೆ ಎಲ್ಲವನ್ನೂ ವಿವರಿಸುತ್ತವೆ. ಜೈನ ಆಗಮಗಳ ಸಿರಿವಂತ ಮನೆಗಳಲ್ಲಿ ಕೂಸಿಗೆ ಐವರು ಧಾತ್ರಿಯರು: ಹಾಲೂಡುವವಳು, ಮೀಯಿಸುವವಳು, ಸಿಂಗರಿಸುವವಳು, ಆಡಿಸುವವಳು, ತೊಡೆಯ ಮೇಲೆ ಇರಿಸಿಕೊಳ್ಳುವವಳು. ಹಾಲೂಡುವವಳ ಸ್ವಂತ ಕೂಸು ಆಗ ಏನು ಕುಡಿಯುತ್ತಿತ್ತೆಂಬುದು ಯಾವ ಗ್ರಂಥದ ಚಿಂತೆಯೂ ಅಲ್ಲ. ಧಾತ್ರಿಯ ತದ್ಭವವಾದ ದಾದಿ ಇಂದು ಆಸ್ಪತ್ರೆಯ ಶುಶ್ರೂಷಕಿಯ ಹೆಸರಾಗಿದೆ. ಹಾಲು ಕಳೆದು ಹೆಸರು ಉಳಿದಿದೆ.

ಕನ್ನಡಿಗರಿಗೆ ಈ ಸಂಗತಿಯ ಎರಡು ತುದಿಗಳನ್ನು ಎರಡು ಕಥೆಗಳು ತೋರಿಸುತ್ತವೆ. ಪುಣ್ಯಕೋಟಿ ಹುಲಿಯ ಬಳಿಗೆ ಹೊರಡುವ ಮುನ್ನ ಕರುವನ್ನು ಒಡನಾಡಿ ಹಸುಗಳಿಗೆ ಒಪ್ಪಿಸುತ್ತದೆ. ತಾಯಿ ಇಲ್ಲದಿದ್ದರೂ ಹಾಲು ತಪ್ಪಬಾರದೆಂಬ ಸಮುದಾಯದ ಭರವಸೆ ಅದರಲ್ಲಿದೆ. ಇನ್ನೊಂದು ತುದಿಯಲ್ಲಿ ಮಹಾಭಾರತದ ಅಶ್ವತ್ಥಾಮ. ಬಡ ದ್ರೋಣನ ಮಗನಿಗೆ ಓರಗೆಯ ಹುಡುಗರು ಹಿಟ್ಟು ಕದಡಿದ ನೀರನ್ನು ಕೊಡುತ್ತಾರೆ, ಅವನು ಹಾಲು ಕುಡಿದೆನೆಂದು ಕುಣಿಯುತ್ತಾನೆ. ಬಿಳಿಯ ಬಣ್ಣವಿದ್ದದ್ದೆಲ್ಲ ಹಾಲಲ್ಲ ಎಂಬುದನ್ನು ತಿಳಿಯದ ಆ ಕುಣಿತ ಮುಂದೆ ಇನ್ನೊಂದು ರೂಪದಲ್ಲಿ ಮರಳಿ ಬರಲಿದೆ.

ಮನೆಗಳಲ್ಲಿ ಈ ಎರಡರ ನಡುವೆ ಇದ್ದ ಸಾಧನ ಒಳಲೆ, ಮರಾಠಿಯ ಬೋಂಡಲೆ. ಹಾಲು ಸಾಲದ ಬಾಣಂತಿಗೆ ಅಳವಿಯ ಪಾಯಸ, ಅಂಟಿನುಂಡೆ, ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ ಉಣಿಸಿಯೂ ಆಗದಿದ್ದರೆ ಆಡಿನ ಅಥವಾ ಆಕಳ ಹಾಲು ಒಳಲೆಗೆ ಬರುತ್ತಿತ್ತು. ತೆರೆದ ಬಾಯಿಯ ಪಾತ್ರೆ ತೊಳೆಯಲು ಸುಲಭ. ರಬ್ಬರಿನ ತೊಟ್ಟಿರುವ ಶೀಸೆಯನ್ನು ಒಳಲೆಯ ಸುಧಾರಿತ ರೂಪವೆಂದು ಸ್ವೀಕರಿಸಿದ ಮನೆಗಳಿಗೆ, ಅದನ್ನು ಪ್ರತಿ ಸಲ ಕುದಿಸಬೇಕೆಂಬ ಸಂಗತಿ ತಿಳಿಯಲು ಹಲವು ಭೇದಿಯ ಬೇಸಗೆಗಳು ಬೇಕಾದವು.

ಡಬ್ಬಿಯ ಹುಟ್ಟೂರು ಯುರೋಪು. 1860ರ ದಶಕದಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ಯುಸ್ಟುಸ್ ಫೊನ್ ಲೀಬಿಗ್ ಶಿಶುವಿನ ಆಹಾರಕ್ಕೊಂದು ಸೂತ್ರ ಬರೆದನು. 1867ರಲ್ಲಿ ಸ್ವಿಟ್ಜರ್ಲೆಂಡಿನ ವೆವೆಯಲ್ಲಿ ಹೆನ್ರಿ ನೆಸ್ಲೆ ಹಾಲು ಹಿಟ್ಟುಗಳ ತನ್ನ ಪುಡಿಯನ್ನು ಮಾರುಕಟ್ಟೆಗೆ ತಂದನು. 1908ರಿಂದ ಮಾರಾಟವಾದ ಗ್ಲ್ಯಾಕ್ಸೋ ಮೂಲತಃ ನ್ಯೂಜಿಲೆಂಡಿನ ಹಾಲಿನ ಪುಡಿ. ಭಾರತದ ನಗರಗಳಲ್ಲಿ ಅದು ಎಷ್ಟು ಬೇರುಬಿಟ್ಟಿತೆಂದರೆ, ಗುಂಡುಗುಂಡಾದ ಕೂಸನ್ನು ಗ್ಲ್ಯಾಕ್ಸೋ ಬೇಬಿ ಎಂದು ಕರೆಯುವುದು ಕನ್ನಡ, ಮರಾಠಿ ಎರಡರಲ್ಲಿಯೂ ಬಳಕೆಗೆ ಬಂತು. ಎದೆಹಾಲು ಕುಡಿದು ದುಂಡಗಾದ ಕೂಸಿಗೂ ಕಂಪನಿಯ ಹೆಸರೇ!

ಈ ಡಬ್ಬಿಗಳೆಲ್ಲ ಆಕಳ ಹಾಲಿನವು. ಸಾಂಗ್ಲಿ, ಸೊಲ್ಲಾಪುರ, ಕೊಲ್ಹಾಪುರಗಳ ಬಯಲಿನ ಹಾಲೆಂದರೆ ಮುಖ್ಯವಾಗಿ ಎಮ್ಮೆಯ ಹಾಲು. ಉದ್ದ ಕೊಂಬಿನ ಪಂಢರಪುರಿ ತಳಿಯ ನೆಲವಿದು. ಎಮ್ಮೆಯ ಹಾಲಿನಲ್ಲಿ ಕೊಬ್ಬು ಶೇ. 7ರಷ್ಟು, ಪ್ರೋಟೀನು ಶೇ. 4ಕ್ಕೂ ಮೇಲೆ. ತಾಯಿಯ ಹಾಲಿನ ಪ್ರೋಟೀನು ಶೇ. 1ರ ಆಸುಪಾಸು. ಎಮ್ಮೆಯ ಹಾಲು ಕೂಸಿನ ಹೊಟ್ಟೆಯಲ್ಲಿ ಗಟ್ಟಿ ಗರಣೆಯಾಗುತ್ತದೆ, ಆದ್ದರಿಂದ ಅದರಿಂದ ಶಿಶು ಆಹಾರ ತಯಾರಿಸಲಾಗದೆಂಬುದು ಪಾಶ್ಚಾತ್ಯ ತಜ್ಞರ ಅಭಿಪ್ರಾಯವಾಗಿತ್ತು. ಆ ಅಭಿಪ್ರಾಯವನ್ನು ಸುಳ್ಳುಮಾಡಿದ್ದು ಮೈಸೂರು. 1950ರಲ್ಲಿ ಚೆಲುವಾಂಬ ಭವನದಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ವಿಜ್ಞಾನಿಗಳು ಆ ದಶಕದಲ್ಲಿಯೇ ಎಮ್ಮೆಯ ಹಾಲನ್ನು ಶಿಶುವಿಗೆ ಒಗ್ಗುವಂತೆ ಮಾರ್ಪಡಿಸುವ ವಿಧಾನ ರೂಪಿಸಿದರು. ಗುಜರಾತಿನ ಆಣಂದದ ಅಮೂಲ್ 1960ರ ಸುಮಾರಿಗೆ ಅದನ್ನು ಕಾರ್ಖಾನೆಯ ಮಟ್ಟಕ್ಕೆ ಕೊಂಡೊಯ್ದಿತು. ಆಗ ಸ್ಥಾಪಿಸಿದ ವಿಭಾಗದ ಸಾಮರ್ಥ್ಯ ವರ್ಷಕ್ಕೆ 2,500 ಟನ್. ವಿದೇಶಿ ವಿನಿಮಯದ ಅಭಾವವಿದ್ದ ಕಾಲದಲ್ಲಿ ಇದು ರಾಷ್ಟ್ರದ ಹೆಮ್ಮೆ. ಹೆಮ್ಮೆಗೆ ಕಾರಣವೂ ಇತ್ತು: ತಾಯಿ ಸತ್ತ, ತಾಯಿಗೆ ಹಾಲಿಲ್ಲದ ಕೂಸುಗಳಿಗೆ ಡಬ್ಬಿ ಜೀವದಾನವೇ. ಆದರೆ ಸ್ವದೇಶಿ ಡಬ್ಬಿಯೂ ಡಬ್ಬಿಯೇ. ನೀರು, ಉರುವಲು, ಓದು ಮೂರೂ ಇಲ್ಲದ ಮನೆಯಲ್ಲಿ ಅದು ವಿದೇಶಿಯಷ್ಟೇ ಅಪಾಯಕರ.

ಆ ಅಪಾಯವನ್ನು ವೈದ್ಯೆ ಸಿಸಿಲಿ ವಿಲಿಯಮ್ಸ್ 1939ರಲ್ಲಿಯೇ ಸಿಂಗಪುರದ ರೋಟರಿ ಕ್ಲಬ್ಬಿನ ಭಾಷಣದಲ್ಲಿ ಕೊಲೆಯೆಂದು ಕರೆದಿದ್ದರು. ಲೋಕ ಕಿವಿಗೊಟ್ಟದ್ದು ತಡವಾಗಿ. 1981ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆ ಎದೆಹಾಲಿನ ಪರ್ಯಾಯಗಳ ಮಾರಾಟಕ್ಕೆ ಸಂಹಿತೆಯನ್ನು ಅಂಗೀಕರಿಸಿದಾಗ ಪರವಾಗಿ 118 ಮತ, ವಿರುದ್ಧ ಅಮೆರಿಕದ ಒಂದೇ ಮತ. ಭಾರತದ ಕಾಯಿದೆ 1992ರದು, ಜಾರಿ 1993ರ ಆಗಸ್ಟ್ 1ರಿಂದ. 2003ರ ತಿದ್ದುಪಡಿ ಅದನ್ನು ಇನ್ನಷ್ಟು ಬಿಗಿಗೊಳಿಸಿತು. ಜಾಹೀರಾತಿಲ್ಲ, ಪುಕ್ಕಟೆ ಮಾದರಿಯಿಲ್ಲ, ಡಬ್ಬಿಯ ಮೇಲೆ ತಾಯಿಯ ಚಿತ್ರವಾಗಲಿ ಕೂಸಿನ ಚಿತ್ರವಾಗಲಿ ಇಲ್ಲ. ತಾಯಿಯ ಹಾಲೇ ಶ್ರೇಷ್ಠವೆಂಬ ಸೂಚನೆ ಕಡ್ಡಾಯ.

ಸೂಚನೆ ಯಾವ ಭಾಷೆಯಲ್ಲಿ? ಆಹಾರದ ಪೊಟ್ಟಣಗಳ ನಿಯಮ ಕೇಳುವುದು ಇಂಗ್ಲಿಷ್ ಅಥವಾ ದೇವನಾಗರಿ ಲಿಪಿಯ ಹಿಂದಿಯನ್ನು. ಬೇರೆ ಭಾಷೆ ಸೇರಿಸಲು ಅಡ್ಡಿಯಿಲ್ಲ, ಒತ್ತಾಯವೂ ಇಲ್ಲ. ಗಡಿಯ ಈಚೆಗಾಗಲಿ ಆಚೆಗಾಗಲಿ ಡಬ್ಬಿಗೆ ಕನ್ನಡದ ಹಂಗಿಲ್ಲ. ಮರಾಠಿ ಓದಬಲ್ಲ ಜತ್ತದ ಕನ್ನಡತಿಗೆ ದೇವನಾಗರಿ ಪರಿಚಿತ, ಹಿಂದಿಯ ವಾಕ್ಯದ ಮುಖ್ಯಾಂಶ ಅವಳಿಗೆ ದಕ್ಕುತ್ತದೆ. ಈ ಮಟ್ಟಿಗೆ ಅವಳು ವಿಜಾಪುರದ ಅಕ್ಕನಿಗಿಂತ ಒಂದು ಕೈ ಮೇಲು. ದಕ್ಕದೆ ಹೋಗುವುದು ಶಾಲೆಯ ಮೆಟ್ಟಿಲು ಹತ್ತದವಳಿಗೆ. ಎಷ್ಟು ನೀರಿಗೆ ಎಷ್ಟು ಚಮಚ ಎಂಬ ಕೋಷ್ಟಕ ಅವಳಿಗೆ ಬರಿಯ ಗೆರೆಗಳು. ಡಬ್ಬಿ ಇನ್ನೂ ನಾಲ್ಕು ದಿನ ಬಾಳಲೆಂದು ಒಂದು ಚಮಚ ಕಡಿಮೆ ಹಾಕಿ ಬಿಳಿಯ ನೀರನ್ನು ಕೂಸಿಗೆ ಕುಡಿಸಿದರೆ, ದ್ರೋಣನ ಮನೆಯ ಹಿಟ್ಟಿನ ನೀರಿಗೂ ಅದಕ್ಕೂ ಇರುವ ಅಂತರ ಬೆಲೆಯದು ಮಾತ್ರ.

ಆಯ್ಕೆ ಎಂಬ ಪದವನ್ನು ಈ ಸೀಮೆಯ ಹೆಂಗಸರ ಮುಂದೆ ವಿಧ್ಯುಕ್ತವಾಗಿ ಇಟ್ಟ ಕಾಲವೊಂದಿತ್ತು. ಅದು ಎಚ್‌ಐವಿಯ ಕಾಲ. ಸಾಂಗ್ಲಿ, ಗಡಿಯಾಚೆಯ ಬೆಳಗಾವಿ, ಬಾಗಲಕೋಟೆ ಇವೆಲ್ಲ ಸೋಂಕು ಹೆಚ್ಚಿದ್ದ ಜಿಲ್ಲೆಗಳೆಂದು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಪಟ್ಟಿಯಲ್ಲಿದ್ದವು. ಎದೆಹಾಲಿನಿಂದಲೂ ಸೋಂಕು ಕೂಸಿಗೆ ದಾಟಬಲ್ಲದು. ಹಾಗೆಂದು ಡಬ್ಬಿ ಸುರಕ್ಷಿತವೇ? ವಿಶ್ವ ಆರೋಗ್ಯ ಸಂಸ್ಥೆ ಆ ವರ್ಷಗಳಲ್ಲಿ ಐದು ಷರತ್ತುಗಳನ್ನು ಮುಂದಿಟ್ಟಿತು: ಪರ್ಯಾಯ ಹಾಲು ಮನೆಯವರಿಗೆ ಒಪ್ಪಿಗೆಯಾಗಬೇಕು, ಮಾಡಿಕೊಡಲು ಸಾಧ್ಯವಾಗಬೇಕು, ಕೊಳ್ಳಲು ಕೈಗೆಟುಕಬೇಕು, ತಿಂಗಳುಗಟ್ಟಲೆ ತಪ್ಪದೆ ನಡೆಯಬೇಕು, ಶುದ್ಧವಾಗಿರಬೇಕು. ಐದೂ ಕೂಡಿದರೆ ಎದೆಹಾಲು ಬೇಡ, ಇಲ್ಲದಿದ್ದರೆ ಮೊದಲ ತಿಂಗಳುಗಳಲ್ಲಿ ಎದೆಹಾಲನ್ನು ಬಿಟ್ಟು ಬೇರೇನೂ ಬೇಡ.

ಬೇಸಗೆಯಲ್ಲಿ ಟ್ಯಾಂಕರಿನ ದಾರಿ ಕಾಯುವ ತಾಲ್ಲೂಕಿನಲ್ಲಿ ಈ ಷರತ್ತುಗಳನ್ನು ಒಂದೊಂದಾಗಿ ಕೇಳಿಸಿಕೊಳ್ಳುವುದೇ ಒಂದು ಶಿಕ್ಷೆ. ಎಲ್ಲಕ್ಕಿಂತ ಕಠಿಣವಾದದ್ದು ಮೊದಲನೆಯದು. ಎದೆ ತುಂಬಿದ ಬಾಣಂತಿ ಕೂಸಿಗೆ ಮೊಲೆ ಕೊಡದಿದ್ದರೆ ಅತ್ತೆ ಕೇಳುತ್ತಾಳೆ, ನಾದಿನಿ ಕೇಳುತ್ತಾಳೆ, ಓಣಿ ಕೇಳುತ್ತದೆ. ಡಬ್ಬಿಯೇ ರೋಗವನ್ನು ಊರಿಗೆ ಸಾರುತ್ತದೆ. ಕೂಸಿನ ಒಂದು ಅಪಾಯವನ್ನು ಇನ್ನೊಂದು ಅಪಾಯದೊಡನೆ, ಅವೆರಡನ್ನೂ ತನ್ನ ಸಂಸಾರದ ಅಳಿವು ಉಳಿವಿನೊಡನೆ ತೂಗಬೇಕಾದವಳು ಇಪ್ಪತ್ತರ ಆಸುಪಾಸಿನ ಹೆಂಗಸು. ತೂಗಲು ಬೇಕಾದ ತಿಳಿವಳಿಕೆ ಅವಳಿಗೆ ಸಿಗುತ್ತಿದ್ದದ್ದು ಸರ್ಕಾರಿ ಆಸ್ಪತ್ರೆಯ ಕೋಣೆಯಲ್ಲಿ, ಆಡಳಿತದ ಭಾಷೆಯಲ್ಲಿ. ಗುಟ್ಟಿನ ಮಾತನ್ನು ಮನೆಮಾತಿನಲ್ಲಿ ಕೇಳುವ ಹಕ್ಕು ಭಾಷಾ ಅಲ್ಪಸಂಖ್ಯಾತರ ಹಕ್ಕುಗಳ ಚರ್ಚೆಯಲ್ಲಿ ಶಾಲೆ, ನಾಮಫಲಕಗಳಷ್ಟು ಸ್ಥಾನ ಪಡೆದಿಲ್ಲ. ಪಡೆಯಬೇಕಿತ್ತು.

2010ರಲ್ಲಿ ಸಲಹೆ ಬದಲಾಯಿತು. ತಾಯಿಯೋ ಕೂಸೋ ಔಷಧಿಯಲ್ಲಿದ್ದರೆ ಎದೆಹಾಲನ್ನು ಹನ್ನೆರಡು ತಿಂಗಳು ಮುಂದುವರಿಸಬಹುದು ಎಂದಾಯಿತು. 2014ರಿಂದ ಭಾರತದಲ್ಲಿ ಸೋಂಕಿತ ಗರ್ಭಿಣಿಯರಿಗೆಲ್ಲ ಜೀವನಪೂರ್ತಿ ಚಿಕಿತ್ಸೆ ಕೊಡುವ ನೀತಿ ಬಂತು. ಹತ್ತು ವರ್ಷ ಮೊದಲು ಡಬ್ಬಿಯನ್ನು ಆರಿಸಿಕೊಂಡವಳೂ ಎದೆಹಾಲನ್ನು ಆರಿಸಿಕೊಂಡವಳೂ ತಮ್ಮ ಕಾಲದ ವಿಜ್ಞಾನ ಹೇಳಿದಂತೆಯೇ ನಡೆದಿದ್ದರು.

ಈಗ ಹೆರಿಗೆ ಬಹುಪಾಲು ಆಸ್ಪತ್ರೆಯಲ್ಲಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೆಯ ಸುತ್ತಿನಲ್ಲಿ (2015-16) ದೇಶದ ಶೇ. 78.9 ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗಿದ್ದವು, ಐದನೆಯ ಸುತ್ತಿನಲ್ಲಿ (2019-21) ಶೇ. 88.6. ಹುಟ್ಟಿದ ಒಂದು ತಾಸಿನೊಳಗೆ ಎದೆಹಾಲು ಪಡೆದ ಕೂಸುಗಳ ಪ್ರಮಾಣ ಮಾತ್ರ ಶೇ. 41.6 ಇದ್ದದ್ದು 41.8 ಆಯಿತು. ಕೆಟ್ಟ ಹಾಲೆಂಬ ನಂಬಿಕೆಯೊಂದೇ ಅಡ್ಡಿಯಾಗಿದ್ದರೆ ಆಸ್ಪತ್ರೆಯ ಬಾಗಿಲಲ್ಲಿ ಅದು ಇನ್ನಷ್ಟು ಸಡಿಲಬೇಕಿತ್ತು. ಶಸ್ತ್ರಚಿಕಿತ್ಸೆಯ ಹೆರಿಗೆ, ತಾಯಿ ಒಂದು ಕೋಣೆಯಲ್ಲಿ ಕೂಸು ಇನ್ನೊಂದರಲ್ಲಿ, ಕೈ ಸಾಲದ ದಾದಿಯರು, ಇವು ಹೊಸ ರೂಢಿಗಳು. ಮೊದಲ ಆರು ತಿಂಗಳು ಎದೆಹಾಲು ಮಾತ್ರ ಪಡೆಯುವ ಕೂಸುಗಳ ಪ್ರಮಾಣ ಇದೇ ಅವಧಿಯಲ್ಲಿ ಶೇ. 54.9ರಿಂದ 63.7ಕ್ಕೆ ಏರಿದೆ. ಮನೆಗೆ ಮರಳಿದ ತಾಯಂದಿರು ಆಸ್ಪತ್ರೆಗಿಂತ ಚೆನ್ನಾಗಿ ನಿಭಾಯಿಸುತ್ತಿದ್ದಾರೆ ಎಂದು ಈ ಅಂಕಿಗಳನ್ನು ಓದಬಹುದು.

ಮನೆಯಲ್ಲಿ ಇರಲು ಸಾಧ್ಯವಾದವರ ಮಾತಾಯಿತು ಇದು. ಮಳೆ ಕೈಕೊಟ್ಟ ಜತ್ತದಿಂದ ದೀಪಾವಳಿಯ ಹೊತ್ತಿಗೆ ಕಬ್ಬು ಕಡಿಯುವ ಗುಂಪುಗಳು ಕೃಷ್ಣಾ, ಪಂಚಗಂಗಾ ನದಿಗಳ ತೀರದ ಕಾರ್ಖಾನೆಗಳ ಕಡೆಗೆ ಹೊರಡುತ್ತವೆ. ಗಂಡ ಹೆಂಡತಿ ಕೂಡಿದರೆ ಒಂದು ಕೋಯತಾ. ಮುಕಾದಮನಿಂದ ಪಡೆದ ಮುಂಗಡ ಉಚಲವನ್ನು ಆ ಜೋಡಿಯೇ ದುಡಿದು ತೀರಿಸಬೇಕು. ಹೆಂಡತಿ ಬಾಣಂತಿಯೆಂದರೆ ಕೋಯತಾ ಅರ್ಧವಾಗುತ್ತದೆ. 1961ರ ಹೆರಿಗೆ ಸೌಲಭ್ಯ ಕಾಯಿದೆ ಕೂಸಿಗೆ ಹದಿನೈದು ತಿಂಗಳಾಗುವವರೆಗೆ ದಿನಕ್ಕೆ ಎರಡು ಬಾರಿ ಹಾಲೂಡಲು ಬಿಡುವು ಕೊಟ್ಟಿತು, ಆ ಬಿಡುವು ಕಬ್ಬಿನ ಗದ್ದೆಯ ತನಕ ಬಂದಿಲ್ಲ. ಉದ್ಯೋಗ ಖಾತರಿಯ ಕಾಮಗಾರಿಯಲ್ಲಿ ಐದು ಎಳೆಯ ಮಕ್ಕಳಿದ್ದರೆ ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ಕೂಲಿ ಕೊಟ್ಟು ನೇಮಿಸಬೇಕು. ಕಬ್ಬಿನ ಕಟಾವು ಆ ಖಾತರಿಯ ಕಾಮಗಾರಿಯೂ ಅಲ್ಲ.

ಹೀಗಾಗಿ ಕೂಸು ಎರಡರಲ್ಲಿ ಒಂದು ಕಡೆ ಇರುತ್ತದೆ. ತಾಯಿಯ ಜೊತೆಗಿದ್ದರೆ ಬದುವಿನ ಮೇಲೆ, ಕಬ್ಬಿನ ರವದಿಯ ನೆರಳಲ್ಲಿ, ಎರಡು ಹೊರೆಗಳ ನಡುವೆ ಸಿಕ್ಕ ಹೊತ್ತಿನಲ್ಲಿ ಎದೆಹಾಲು ಕುಡಿದುಕೊಂಡು. ಊರಲ್ಲಿ ಅಜ್ಜಿಯ ಬಳಿ ಇದ್ದರೆ, ಅವಳ ಕೈಯಲ್ಲಿ ಒಳಲೆ ಇರಬಹುದು, ಶೀಸೆ ಇರಬಹುದು; ಹಾಲು ಆಡಿನದೋ ಡಬ್ಬಿಯದೋ ಎಂಬುದು ಆ ವಾರ ಕೈಯಲ್ಲಿ ಎಷ್ಟು ರೊಕ್ಕವಿದೆ ಎಂಬುದರ ಮೇಲೆ. ಕಾರ್ಖಾನೆಗಳ ಹಂಗಾಮು ಮುಗಿದು ಗುಂಪುಗಳು ಮರಳುವ ಹೊತ್ತಿಗೆ ಯುಗಾದಿ ಹತ್ತಿರವಾಗಿರುತ್ತದೆ. ಅಷ್ಟರಲ್ಲಿ ತಾಯಿಯ ಎದೆಯ ಹಾಲು ಬತ್ತಿರುತ್ತದೆ.